ಬೈದವರು ಉಳಿದರು, ಫೈಲ್ ಕೇಳಿದವರು ಹೊರಟರು

ನನ್ನ ಮೊದಲ ಕೆಲಸ ಟಿಕೆಟ್‌ಗಳಿಗೆ, ಅಂದರೆ ಬಳಕೆದಾರರು ಕಳಿಸುವ ದೂರು, ಪ್ರಶ್ನೆಗಳಿಗೆ, ಉತ್ತರ ಬರೆಯೋದು. ಅಮೆರಿಕದವರ ಒಂದು ಬ್ಲಾಗ್ ತಾಣ, ಅದರ ಸಪೋರ್ಟ್ ಮಾತ್ರ ಬೆಂಗಳೂರಿನಿಂದ ನಡೆಯುತ್ತಿತ್ತು. ರಾತ್ರಿ ಪಾಳಿ. ಸಂಜೆ ಏಳಕ್ಕೆ ಕ್ಯಾಬ್ ಬಂದರೆ ಮನೆಗೆ ಬರುವಾಗ ಹಾಲಿನವನು ಎದುರಿಗೆ ಸಿಗುತ್ತಿದ್ದ. ತಾಣದ ಹೆಸರು ಹೇಳುವುದಿಲ್ಲ. ಅಲ್ಲಿ ಕಲಿತದ್ದನ್ನು ಮಾತ್ರ ಬರೆಯಬೇಕು ಅಂತ ತುಂಬಾ ದಿನದಿಂದ ಇತ್ತು, ಯಾಕೆಂದರೆ ಈಗಿನ ಕೆಲಸದಲ್ಲೂ ಪ್ರತಿ ರಿಲೀಸ್‌ಗೂ, ಅಂದರೆ ಹೊಸ ಬದಲಾವಣೆ ಜನರಿಗೆ ಬಿಡುವಾಗಲೆಲ್ಲ, ಅದು ನೆನಪಾಗುತ್ತದೆ.

2014ರ ಸುಮಾರಿಗೆ ಒಂದು ರಾತ್ರಿ ಲಾಗಿನ್ ಆಗಿ ನೋಡಿದರೆ ಕ್ಯೂ ತುಂಬಿ ಹರಿಯುತ್ತಿತ್ತು. ಮಾಲೀಕರು ಕಾಮೆಂಟ್ ಪುಟ ಬದಲಾಯಿಸಿದ್ದರು. ಹಳೆಯ ಪುಟದಲ್ಲಿ ಯಾರ ಮಾತಿಗೆ ಯಾರು ಉತ್ತರ ಕೊಟ್ಟಿದ್ದಾರೆ ಅಂತ ಒಂದರ ಕೆಳಗೊಂದು, ಸ್ವಲ್ಪ ಸ್ವಲ್ಪ ಒಳಗೆ ಸರಿದು ಕಾಣುತ್ತಿತ್ತು. ಹೊಸದರಲ್ಲಿ ಎಲ್ಲ ಒಂದೇ ಸಾಲು. ಮೊದಲ ಹತ್ತು ಕಾಮೆಂಟ್ ಕಾಣುತ್ತವೆ, ಉಳಿದದ್ದು ಬೇಕೆಂದರೆ ಬಟನ್ ಒತ್ತುತ್ತಾ ಹೋಗಬೇಕು. ಬಳಸುವವರಿಗೆ ಮೊದಲೇ ಹೇಳಿರಲಿಲ್ಲ. ನಮಗೂ ಹೇಳಿರಲಿಲ್ಲ. ಟಿಕೆಟ್ ಓದಿಯೇ ನಮಗೆ ವಿಷಯ ಗೊತ್ತಾಗಿದ್ದು.

ಜನ ಹೇಗೆ ಬೈದಿದ್ದರು ಅಂದರೆ, ಮೊದಲ ಗಂಟೆಯಲ್ಲಿ ನನ್ನ ಕೈ ನಡುಗುತ್ತಿತ್ತು. ದೊಡ್ಡಕ್ಷರದಲ್ಲಿ ಬರೆದವರು, ದುಡ್ಡು ವಾಪಸ್ ಕೇಳಿದವರು, ಹಳೆಯ ಪುಟದ ಚಿತ್ರ ಲಗತ್ತಿಸಿ ಒಂದೊಂದೇ ತಪ್ಪಿಗೆ ಬಾಣದ ಗುರುತು ಹಾಕಿ ಕಳಿಸಿದವರು. ನಾನು ಟೆಂಪ್ಲೇಟ್ ಉತ್ತರ ಅಂಟಿಸುತ್ತಾ ಕೂತೆ: ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ, ಸಂಬಂಧಪಟ್ಟ ತಂಡಕ್ಕೆ ತಲುಪಿಸುತ್ತೇವೆ. ಅದನ್ನು ಓದಿದವರು ಇನ್ನೂ ಜಾಸ್ತಿ ಸಿಟ್ಟಾದರು.

ನಮ್ಮ ತಂಡದ ಲೀಡ್ ತೀರ್ಥಹಳ್ಳಿ ಕಡೆಯವರು. ನನ್ನ ಹಿಂದೆ ನಿಂತು ಸ್ವಲ್ಪ ಹೊತ್ತು ಪರದೆ ನೋಡಿದರು. ಆಮೇಲೆ ಹೇಳಿದರು: "ಬೈಯೋರ ಬಗ್ಗೆ ಯಾಕೆ ತಲೆ ಕೆಡಿಸ್ಕೊಳ್ತೀಯ ಮಾರಾಯ್ತಿ, ಅವರು ಇಲ್ಲೇ ಇರ್ತಾರೆ. ಬ್ಯಾಕಪ್ ತಗೊಳ್ಳೋದು ಹೇಗೆ ಅಂತ ಮರ್ಯಾದೆಯಿಂದ ಕೇಳ್ತಾರಲ್ಲ, ಅವರನ್ನ ಬೇರೆ ತೆಗೆದಿಡು."

"ಅವರದ್ದೇನು ಸರ್, ಸುಲಭದ ಟಿಕೆಟ್ ಅಲ್ವಾ?" ಅಂದೆ. ನಿಜಕ್ಕೂ ಹಾಗೇ ಅಂದುಕೊಂಡಿದ್ದೆ. ಬ್ಯಾಕಪ್ ಅಂದರೆ ತಾವು ಬರೆದದ್ದನ್ನೆಲ್ಲ ಒಂದು ಫೈಲ್ ಆಗಿ ಇಳಿಸಿಕೊಳ್ಳೋದು. ಕೇಳಿದವರಿಗೆ ಒಂದು ಲಿಂಕ್ ಕಳಿಸಿದರೆ ಮುಗಿಯಿತು, ಎರಡು ನಿಮಿಷದಲ್ಲಿ ಟಿಕೆಟ್ ಕ್ಲೋಸ್.

ಊಟದ ಬಿಡುವಿನಲ್ಲಿ ಅವರು ಲೈವ್‌ಜರ್ನಲ್ ಎಂಬ ಹಳೆಯ ಬ್ಲಾಗ್ ತಾಣದ ಕಥೆ ಹೇಳಿದರು. ಅವರು ಅಮೆರಿಕದಲ್ಲಿ ಎಂ.ಎಸ್. ಓದುವಾಗ ಅಲ್ಲಿ ಬರೆಯುತ್ತಿದ್ದರಂತೆ. ಆಗ ಹೊಸಬರು ಸುಮ್ನೆ ಹೋಗಿ ಸೇರುವಂತಿರಲಿಲ್ಲ. ದುಡ್ಡು ಕೊಡಬೇಕು, ಇಲ್ಲವೇ ಒಳಗಿದ್ದವರೊಬ್ಬರು ಆಹ್ವಾನದ ಕೋಡ್ ಕೊಡಬೇಕು. 2003ರ ಡಿಸೆಂಬರ್‌ವರೆಗೂ ಆ ಪದ್ಧತಿ ಇತ್ತು. ಆ ತಾಣವನ್ನು 1999ರಲ್ಲಿ ಬ್ರಾಡ್ ಫಿಟ್ಜ್‌ಪ್ಯಾಟ್ರಿಕ್ ಎಂಬ ಹುಡುಗ ಗೆಳೆಯರಿಗೆ ತನ್ನ ಸುದ್ದಿ ತಿಳಿಸಲು ಶುರು ಮಾಡಿದ್ದ. ಪುಟಗಳು ಬೇಗ ತೆರೆಯಲೆಂದು ಇವತ್ತಿಗೂ ದೊಡ್ಡ ದೊಡ್ಡ ತಾಣಗಳು ಬಳಸುವ ಮೆಮ್‌ಕ್ಯಾಶ್‌ಡಿ ಎಂಬ ತಂತ್ರಾಂಶ ಇದೆಯಲ್ಲ, ಅದನ್ನು ಆತ ಬರೆದದ್ದು ಲೈವ್‌ಜರ್ನಲ್‌ನ ಭಾರ ತಡೆಯಲಾಗದೆ. ತಾಣದ ತಂತ್ರಾಂಶದ ಕೋಡ್ ಯಾರು ಬೇಕಾದರೂ ತೆಗೆದು ಬಳಸುವಂತೆ ಎಲ್ಲರಿಗೂ ತೆರೆದಿತ್ತು. ಜಾಹೀರಾತು ಹಾಕುವುದಿಲ್ಲ ಅಂತ ಬಳಕೆದಾರರಿಗೆ ಬರೆದುಕೊಟ್ಟ ಮಾತೂ ಇತ್ತು. ಈ ಕೊನೆಯದನ್ನು ನೆನಪಿಡಿ.

2005ರ ಜನವರಿಯಲ್ಲಿ ಸಿಕ್ಸ್ ಅಪಾರ್ಟ್ ಎಂಬ ಬ್ಲಾಗ್ ತಂತ್ರಾಂಶದ ಕಂಪನಿ ಅದನ್ನು ಕೊಂಡುಕೊಂಡಿತು. 2006ರಲ್ಲಿ ಜಾಹೀರಾತಿನ ಖಾತೆಗಳು ಬಂದವು. ಬೇಡವೆಂದವರು ಹಳೆಯ ಬೇಸಿಕ್ ಖಾತೆಯಲ್ಲೇ, ಅಂದರೆ ಜಾಹೀರಾತಿಲ್ಲದ ಉಚಿತ ಖಾತೆಯಲ್ಲೇ, ಇರಬಹುದಿತ್ತು, ಆದರೆ ಕೊಟ್ಟ ಮಾತು ಮುರಿದಿದ್ದನ್ನು ಜನ ಮರೆಯಲಿಲ್ಲ. ಸಪೋರ್ಟ್‌ನಲ್ಲಿ ಕೂತವರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ. ಯಾರಾದರೂ ಸಿಟ್ಟಿನಿಂದ ಬರೆದರೆ ಅದರಲ್ಲಿ ಇವತ್ತಿನ ಬದಲಾವಣೆಯ ಜೊತೆಗೆ ಮೂರು ವರ್ಷದ ಹಿಂದಿನದೂ ಇರುತ್ತದೆ.

2007ರ ಮೇ ಕೊನೆಯಲ್ಲಿ ಆದದ್ದು ಇನ್ನೂ ದೊಡ್ಡದು. ಮಕ್ಕಳ ರಕ್ಷಣೆಯ ಹೆಸರಿನ ಒಂದು ಗುಂಪು ದೂರು ಕೊಟ್ಟಿತು ಅಂತ ಸುಮಾರು 500 ಖಾತೆಗಳನ್ನು ಒಮ್ಮೆಲೇ ಮುಚ್ಚಿದರು. ಮುಚ್ಚಿದ ಖಾತೆಯ ಹೆಸರಿನ ಮೇಲೆ ಗೆರೆ ಎಳೆದಂತೆ ಕಾಣುತ್ತಿತ್ತು, ಅದಕ್ಕೇ ಜನ ಅದನ್ನು ಸ್ಟ್ರೈಕ್‌ಥ್ರೂ ಅಂತ ಕರೆದರು. ಖಾತೆ ಆರಿಸಿದ್ದು ಹೇಗೆ? ಪ್ರೊಫೈಲ್‌ನಲ್ಲಿ 'ಆಸಕ್ತಿಗಳು' ಅಂತ ಒಂದು ಪಟ್ಟಿ ಇರುತ್ತಿತ್ತು, ಅದರಲ್ಲಿದ್ದ ಲೈಂಗಿಕ ಅಪರಾಧ ಸೂಚಿಸುವ ಪದಗಳನ್ನು ನೋಡಿಕೊಂಡು. ಲೈಂಗಿಕ ದೌರ್ಜನ್ಯದಿಂದ ಪಾರಾಗಿ ಬಂದವರು ಒಬ್ಬರಿಗೊಬ್ಬರು ಧೈರ್ಯ ಹೇಳಿಕೊಳ್ಳಲು ಮಾಡಿಕೊಂಡಿದ್ದ ಗುಂಪುಗಳಲ್ಲೂ ಅವೇ ಪದಗಳು ಇದ್ದವು. ಕಾದಂಬರಿ ಚರ್ಚಿಸುವವರಲ್ಲೂ ಇದ್ದವು, ಅಭಿಮಾನಿ ಕಥೆ, ಅಂದರೆ ಇಷ್ಟದ ಪುಸ್ತಕ, ಸಿನಿಮಾದ ಪಾತ್ರಗಳನ್ನಿಟ್ಟು ತಮ್ಮದೇ ಕಥೆ, ಬರೆಯುವವರಲ್ಲೂ ಇದ್ದವು. ಎಲ್ಲರ ಮೇಲೂ ಒಂದೇ ಗೆರೆ. ಎರಡು ದಿನದಲ್ಲಿ ಸಿಕ್ಸ್ ಅಪಾರ್ಟ್ ಮುಖ್ಯಸ್ಥ ಬರಾಕ್ ಬರ್ಕೊವಿಟ್ಜ್ ಬಹಿರಂಗವಾಗಿ ಕ್ಷಮೆ ಕೇಳಿದರು, ಹಲವು ಖಾತೆಗಳನ್ನು ತೆರೆದರು. ಆದರೆ ನಿಮ್ಮ ಹೆಸರಿನ ಮೇಲೆ ಒಮ್ಮೆ ಗೆರೆ ಬಿದ್ದ ಮೇಲೆ ನೀವು ಆ ತಾಣದಲ್ಲಿ ಮೊದಲಿನ ಹಾಗೆ ಬರೆಯುತ್ತೀರಾ? ನಾನಾದರೆ ಬರೆಯಲಾರೆ.

ಅದೇ ವರ್ಷ ಡಿಸೆಂಬರ್‌ನಲ್ಲಿ ತಾಣ ಮತ್ತೆ ಕೈ ಬದಲಾಯಿತು. ಈ ಸಲ ಕೊಂಡದ್ದು ರಷ್ಯಾದ ಸುಪ್ ಎಂಬ ಕಂಪನಿ. ರಷ್ಯಾದಲ್ಲಿ ಲೈವ್‌ಜರ್ನಲ್ ಆಗಲೇ ತುಂಬಾ ದೊಡ್ಡದಾಗಿತ್ತು, ಅಲ್ಲಿ ಬ್ಲಾಗ್ ಎಂದರೇ ಅದು. ಬಂದ ಮೂರು ತಿಂಗಳಿಗೆ, 2008ರ ಮಾರ್ಚ್ 12ಕ್ಕೆ, ಹೊಸಬರಿಗೆ ಬೇಸಿಕ್ ಖಾತೆ ಇಲ್ಲ ಎಂದರು. ಒಂದೋ ಜಾಹೀರಾತು ನೋಡಿ, ಇಲ್ಲವೇ ದುಡ್ಡು ಕೊಡಿ. ಹಳಬರಿಗೆ ಏನೂ ಆಗಿರಲಿಲ್ಲ, ಅವರ ಖಾತೆ ಹಾಗೇ ಇತ್ತು. ಆದರೂ ಬೀದಿಗಿಳಿದಿದ್ದು ಹಳಬರೇ. ಮಾರ್ಚ್ 21, ಶುಕ್ರವಾರ, ಇಡೀ ದಿನ ಏನೂ ಬರೆಯಬಾರದು, ಕಾಮೆಂಟೂ ಹಾಕಬಾರದು ಅಂತ ಹರತಾಳ ಕರೆದರು. ಕಾರ್ಖಾನೆಯಲ್ಲಿ ಯಂತ್ರ ನಿಲ್ಲಿಸಿದ ಹಾಗೆ ಇದು, ಯಾಕೆಂದರೆ ಆ ತಾಣದಲ್ಲಿ ಮಾರಾಟಕ್ಕೆ ಇದ್ದ ಸರಕೇ ಇವರ ಬರಹ.

ಹರತಾಳದಿಂದ ಏನಾಯಿತು? ಒಂದು ದಿನ ತಣ್ಣಗಾಯಿತು, ಮರುದಿನ ಮತ್ತೆ ಎಲ್ಲ ಬರೆದರು. ಬೇಸಿಕ್ ಖಾತೆಯನ್ನು ಅದೇ ವರ್ಷ ಮುಂದೆ ವಾಪಸ್ ತಂದರು, ಆದರೆ ಲಾಗಿನ್ ಆಗದೆ ಓದಲು ಬಂದವರಿಗೆ ಜಾಹೀರಾತು ಕಾಣುವಂತೆ. ಮುಗಿಯುವ ದಿನ ಮೊದಲೇ ಹೇಳಿದ ಹರತಾಳವನ್ನು ಮಾಲೀಕರು ಕಾದು ಕೂತು ದಾಟಿಬಿಡಬಹುದು. 2023ರ ಜೂನ್‌ನಲ್ಲಿ ರೆಡ್ಡಿಟ್ ಎಂಬ ಚರ್ಚಾ ತಾಣದಲ್ಲಿ ಸಾವಿರಾರು ಗುಂಪುಗಳು ಪ್ರತಿಭಟಿಸಿ ಎರಡು ದಿನ ಬಾಗಿಲು ಹಾಕಿದಾಗಲೂ ನನಗೆ ಮೊದಲು ಹೊಳೆದದ್ದು ಇದೇ. ಎರಡು ದಿನ ಅಂತ ಹೇಳಿದ ಮೇಲೆ ಆ ಕಡೆಯವರು ಕ್ಯಾಲೆಂಡರ್ ನೋಡುತ್ತಾರೆ ಅಷ್ಟೇ.

ಲೀಡ್ ಇಷ್ಟು ಹೇಳಿ, ಡಬ್ಬಿ ಮುಚ್ಚಿ, "ಆದ್ರೆ ಮಾಲೀಕರಿಗೆ ಪೆಟ್ಟು ಬಿದ್ದಿದ್ದು ಹರತಾಳದಿಂದ ಅಲ್ಲ" ಅಂದರು. ಲೈವ್‌ಜರ್ನಲ್‌ನಲ್ಲೇ ಕೆಲಸ ಮಾಡಿದ್ದ ಇಬ್ಬರು, ಡೆನಿಸ್ ಪಾವೊಲುಚ್ಚಿ ಮತ್ತು ಮಾರ್ಕ್ ಸ್ಮಿತ್, ಆ ತೆರೆದ ಕೋಡನ್ನೇ ತೆಗೆದುಕೊಂಡು ಡ್ರೀಮ್‌ವಿಡ್ತ್ ಎಂಬ ಹೊಸ ತಾಣ ಕಟ್ಟಿದರು. 2009ರಲ್ಲಿ ಅದು ಜನರಿಗೆ ತೆರೆಯಿತು. ಜಾಹೀರಾತು ಇಲ್ಲವೇ ಇಲ್ಲ. ಅದಕ್ಕಿಂತ ದೊಡ್ಡ ವಿಷಯ ಏನೆಂದರೆ, ಲೈವ್‌ಜರ್ನಲ್‌ನಿಂದ ನಿಮ್ಮ ಬರಹವನ್ನೂ, ಅದರ ಕೆಳಗಿನ ಕಾಮೆಂಟ್‌ಗಳನ್ನೂ ಸೇರಿಸಿ ಎಳೆದುಕೊಂಡು ಬರುವ ವ್ಯವಸ್ಥೆ ಅದರಲ್ಲಿತ್ತು. ಕಾಮೆಂಟ್ ಸಮೇತ! ಮನೆ ಬದಲಿಸುವಾಗ ಅಕ್ಕಪಕ್ಕದವರನ್ನೂ ಕರೆದುಕೊಂಡು ಹೋದ ಹಾಗೆ. ಅಭಿಮಾನಿ ಕಥೆ ಬರೆಯುವವರು ಸರ್ವರ್ ನಮ್ಮದೇ ಆಗಬೇಕು ಅಂತ ಹಟ ಹಿಡಿದು, 2007ರಲ್ಲಿ ಸಂಸ್ಥೆ ಕಟ್ಟಿ, 2009ರ ನವೆಂಬರ್‌ನಲ್ಲಿ ಆರ್ಕೈವ್ ಆಫ್ ಅವರ್ ಓನ್ ಎಂಬ ಕಥೆಗಳ ತಾಣ ತೆರೆದರು. 2019ರಲ್ಲಿ ಅದಕ್ಕೆ ವೈಜ್ಞಾನಿಕ ಕಥಾಲೋಕದ ದೊಡ್ಡ ಗೌರವವಾದ ಹ್ಯೂಗೊ ಪ್ರಶಸ್ತಿ ಬಂತು. 2011ರ ಡಿಸೆಂಬರ್‌ನಲ್ಲಿ ಲೈವ್‌ಜರ್ನಲ್ ಕಾಮೆಂಟ್ ಪುಟ ಬದಲಿಸಿ, ಕಾಮೆಂಟ್‌ಗಳಿಗೆ ಶೀರ್ಷಿಕೆ ಕೊಡುವ ಸಾಲು ತೆಗೆದಾಗ, ಆ ಸಾಲನ್ನೇ ನಂಬಿ ಉದ್ದುದ್ದ ಕಥೆ ನಡೆಸುತ್ತಿದ್ದ ಗುಂಪುಗಳಿಗೆ ಹೋಗಲು ಜಾಗ ರೆಡಿ ಇತ್ತು. ಹೋದರು.

ನಮ್ಮಲ್ಲಿ ಆದದ್ದೂ ಕಾಮೆಂಟ್ ಪುಟವೇ. ಆ ರಾತ್ರಿ ಸೀಟಿಗೆ ವಾಪಸ್ ಬಂದು ಬ್ಯಾಕಪ್ ಟಿಕೆಟ್‌ಗಳನ್ನು ಬೇರೆ ತೆಗೆಯತೊಡಗಿದೆ. ಮಾಮೂಲಿಗೆ ವಾರಕ್ಕೆ ನಾಲ್ಕೈದು ಬರುತ್ತಿದ್ದವು. ಈಗ ದಿನಕ್ಕೆ ಐವತ್ತರವತ್ತು. ಅದರಲ್ಲಿ ಒಂದು ಟಿಕೆಟ್ ಇನ್ನೂ ಕಣ್ಣ ಮುಂದಿದೆ. ಟೈಪ್ ಒನ್ ಮಧುಮೇಹ ಇರುವ ಮಗುವಿನ ತಾಯಿ ಬರೆದದ್ದು. ಆರು ವರ್ಷದಿಂದ ಬರೆಯುತ್ತಿದ್ದರು, ಅದೇ ಕಷ್ಟ ಇರುವ ಬೇರೆ ತಂದೆತಾಯಂದಿರು ಬಂದು ಉತ್ತರ ಕೊಡುತ್ತಿದ್ದರು. ರಾತ್ರಿ ಸಕ್ಕರೆ ಇಳಿದರೆ ಮಗುವನ್ನು ಹೇಗೆ ಎಬ್ಬಿಸೋದು, ಶಾಲೆಯಲ್ಲಿ ಯಾರದೋ ಹುಟ್ಟುಹಬ್ಬಕ್ಕೆ ಕೇಕ್ ಕೊಟ್ಟರೆ ಏನು ಮಾಡೋದು, ಟೀಚರಿಗೆ ಏನು ಹೇಳಿಕೊಡಬೇಕು, ಹೀಗೆ. ಅವರು ಬರೆದದ್ದು ಇಷ್ಟು: ನಾನು ಬರೆದದ್ದು ಹೋದರೂ ಪರವಾಗಿಲ್ಲ, ಕೆಳಗೆ ಬೇರೆಯವರು ಬರೆದದ್ದು ಬೇಕು, ನಿಮ್ಮ ಬ್ಯಾಕಪ್‌ನಲ್ಲಿ ಅದು ಬರುತ್ತಿಲ್ಲ, ದಯವಿಟ್ಟು ದಾರಿ ತಿಳಿಸಿ. ಒಂದೇ ಒಂದು ಕಟು ಮಾತಿಲ್ಲ.

ಎರಡು ನಿಮಿಷದ ಟಿಕೆಟ್ ಅಂದಿದ್ದೆನಲ್ಲ, ಅದಕ್ಕೆ ಹನ್ನೊಂದು ದಿನ ಹಿಡಿಯಿತು. ನಮ್ಮ ಬ್ಯಾಕಪ್ ನಿಜವಾಗಿಯೂ ಬರಹಗಳನ್ನು ಮಾತ್ರ ಕೊಡುತ್ತಿತ್ತು. ಕಾಮೆಂಟ್ ಬೇರೆಯವರ ಮಾತು, ಅದನ್ನು ಇವರಿಗೆ ಕೊಡಬಹುದೇ ಅಂತ ಆ ಕಡೆಯ ವಕೀಲರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು. ಆ ತಾಯಿ ಪುಟ ತೆರೆದರೆ ಓದಲು ಸಿಗುವುದನ್ನೇ ಕೊಡುತ್ತಿದ್ದೇವೆ, ಯಾರ ಇಮೇಲೂ ವಿಳಾಸವೂ ಅದರಲ್ಲಿರೋದಿಲ್ಲ ಅಂತ ಲೀಡ್ ಪಟ್ಟು ಹಿಡಿದರು. ಕೊನೆಗೆ ಒಬ್ಬ ಎಂಜಿನಿಯರ್ ಸ್ಕ್ರಿಪ್ಟ್ ಬರೆದುಕೊಟ್ಟರು. ಹಳೆಯ ಪುಟದ ಹಾಗೇ, ಒಂದರೊಳಗೊಂದು ಸರಿದು ಕಾಣುವಂತೆ.

ಇಷ್ಟರಲ್ಲಿ ಅಮೆರಿಕದಲ್ಲಿ ಮಾಲೀಕರ ಮೀಟಿಂಗ್‌ನಲ್ಲಿ ಏನು ನಡೆಯುತ್ತಿತ್ತು ಅಂದರೆ, ಹೊಸ ಪುಟ ಗೆದ್ದಿದೆ ಅಂತ ಲೆಕ್ಕ ತೋರಿಸುತ್ತಿದ್ದರು. ಪುಟ ವೀಕ್ಷಣೆ ಏರಿತ್ತು, ನಿಜ. ಹತ್ತು ಹತ್ತಾಗಿ ಕಾಮೆಂಟ್ ನೋಡಲು ಒತ್ತಿದ ಪ್ರತಿ ಬಟನ್ನೂ ಒಂದು ವೀಕ್ಷಣೆ ಅಂತ ದಾಖಲಾಗುತ್ತಿತ್ತು. ಸಿಟ್ಟಾದವರು ಜಗಳಕ್ಕೆ ದಿನಕ್ಕೆ ನಾಲ್ಕು ಸಲ ಬರುತ್ತಿದ್ದರು, ಅದೂ ಸೇರಿತು. ಪ್ರತಿಭಟನೆಯೇ ಯಶಸ್ಸಿನ ಹಾಗೆ ಗ್ರಾಫ್‌ನಲ್ಲಿ ಕಾಣುತ್ತಿತ್ತು. ಆ ಗ್ರಾಫ್ ಮಾಡಿದವರು ಸುಳ್ಳು ಹೇಳಲಿಲ್ಲ, ಅವರ ಮುಂದೆ ಇದ್ದದ್ದು ಅದೊಂದೇ ಅಂಕಿ. ನಮ್ಮ ಮುಂದೆ ಇದ್ದ ಅಂಕಿಯನ್ನು ಅವರಿಗೆ ಯಾರೂ ತೋರಿಸಿರಲಿಲ್ಲ. ತೋರಿಸಬಹುದಾಗಿದ್ದ ನಾನು ಟೆಂಪ್ಲೇಟ್ ಅಂಟಿಸುತ್ತಾ ಕೂತಿದ್ದೆ.

ಹಾಗಾಗಿ ವಾರದ ವರದಿಗೆ ಒಂದು ಸಾಲು ಸೇರಿಸಿದೆ: ಬ್ಯಾಕಪ್ ಕೇಳಿದವರು ಎಷ್ಟು, ಅವರಲ್ಲಿ ದುಡ್ಡು ಕೊಡುವವರು ಎಷ್ಟು, ಎಷ್ಟು ವರ್ಷದ ಹಳಬರು. ಲೀಡ್ ಅದನ್ನು ಮೇಲೆ ಕಳಿಸಿದರು. ಮೂರನೇ ವಾರಕ್ಕೆ ಆ ಕಡೆಯಿಂದ ಕರೆ ಬಂತು, ಈ ಸಾಲು ಏನು ಅಂತ. ನಾಲ್ಕು ತಿಂಗಳಾದ ಮೇಲೆ ಹಳೆಯ ರೀತಿಯ ಕಾಮೆಂಟ್ ಪುಟ ಬೇಕಾದವರು ಸೆಟಿಂಗ್ಸ್‌ನಲ್ಲಿ ಆರಿಸಿಕೊಳ್ಳಬಹುದು ಅಂತ ಮಾಡಿದರು. ದೊಡ್ಡಕ್ಷರದಲ್ಲಿ ಬೈದಿದ್ದವರು ಬಂದು ಥ್ಯಾಂಕ್ಸ್ ಹೇಳಿದರು, ಅವರಲ್ಲಿ ಹಲವರ ಹೆಸರು ನನಗೆ ಬಾಯಿಪಾಠ ಆಗಿತ್ತು. ಫೈಲ್ ಕೇಳಿದ್ದವರ ಪಟ್ಟಿ ತೆಗೆದು ಕೊನೆಯ ಲಾಗಿನ್ ನೋಡಿದೆ. ಹೆಚ್ಚಿನವರದು ಫೈಲ್ ಇಳಿಸಿಕೊಂಡ ದಿನವೇ.

ಈಗಿನ ಕೆಲಸದಲ್ಲಿ ನಾನು ಸಪೋರ್ಟ್‌ನಲ್ಲಿಲ್ಲ, ರಿಲೀಸ್ ಯೋಜನೆ ಮಾಡುವ ತಂಡದಲ್ಲಿದ್ದೇನೆ. ಏನೇ ದೊಡ್ಡ ಬದಲಾವಣೆ ಇದ್ದರೂ ಎರಡು ವಿಷಯಕ್ಕೆ ಜಗಳ ಆಡುತ್ತೇನೆ. ಸಪೋರ್ಟ್‌ನಲ್ಲಿ ಕೂತ ಹುಡುಗ ಹುಡುಗಿಯರಿಗೆ ಬಳಕೆದಾರರಿಗಿಂತ ಮೊದಲು ಗೊತ್ತಾಗಬೇಕು. ಮತ್ತೆ, ಬ್ಯಾಕಪ್ ಬಟನ್ ಪೂರ್ತಿ ಕೆಲಸ ಮಾಡುತ್ತಿದೆಯಾ ಅಂತ ಹೊಸದನ್ನು ಬಿಡುವ ಮೊದಲು ಪರೀಕ್ಷಿಸಬೇಕು. ಜನ ಹೋಗೋಕೆ ನಾವೇ ದಾರಿ ಮಾಡಿಕೊಡಬೇಕಾ ಅಂತ ಕೇಳುತ್ತಾರೆ. ಹೌದು ಅನ್ನುತ್ತೇನೆ. ಅದು ಅವರ ಬರಹ.

ಆ ತಾಯಿ ಫೈಲ್ ಸಿಕ್ಕ ಮೇಲೆ ಮತ್ತೊಂದು ಟಿಕೆಟ್ ಹಾಕಿದ್ದರು. ಅವರ ಗುಂಪು ಬೇರೆ ಕಡೆ ಮನೆ ಮಾಡಿಕೊಂಡಿದೆ, ಆದರೆ ಹಳೆಯ ಪುಟ ಮುಚ್ಚಬೇಡಿ ಅಂತ ಕೇಳಿದ್ದರು. ಮಗುವಿಗೆ ಹೀಗಾಗಿದೆ ಅಂತ ಮೊದಲ ಸಲ ಗೊತ್ತಾದವರು ರಾತ್ರಿಯೆಲ್ಲ ಹುಡುಕುತ್ತಾ ಅಲ್ಲಿಗೇ ಬರುತ್ತಾರಂತೆ, ಅವರಿಗಾಗಿ ಮೇಲೆ ಹೊಸ ಜಾಗದ ಲಿಂಕ್ ಹಾಕಿದ್ದೇನೆ, ಅದನ್ನು ಯಾರೂ ತೆಗೆಯದಂತೆ ನೋಡಿಕೊಳ್ಳಿ ಅಂತ. ಖಾತೆಯ ಮೇಲೆ ಒಂದು ಟಿಪ್ಪಣಿ ಬರೆದಿಟ್ಟೆ. ನಾನು ಆ ಕೆಲಸ ಬಿಡುವವರೆಗೂ ಪುಟವೂ ಲಿಂಕೂ ಹಾಗೇ ಇದ್ದವು. ಲಾಗಿನ್ ಆಗದೆ ಬರುವವರಿಗೆ ಹಳೆಯ ರೀತಿಯ ಪುಟ ಸಿಗುತ್ತಿರಲಿಲ್ಲವಲ್ಲ, ಕೆಳಗಿನ ಕಾಮೆಂಟ್ ಮಾತ್ರ ಹತ್ತೇ ಕಾಣುತ್ತಿದ್ದವು.