ನಿಂತುಹೋದ ಹೆಜ್ಜೆಯ ಸಪ್ಪಳ

ಭಯದ ಸಿನಿಮಾಗಳನ್ನು ಮನಸ್ಸಿಟ್ಟು ನೋಡುವ ನಾವು ಐದು ಮಂದಿ ತಿಂಗಳಿಗೊಮ್ಮೆ ಮೈಸೂರಿನ ಗೆಳೆಯರೊಬ್ಬರ ಮನೆಯಲ್ಲಿ ಸೇರುತ್ತೇವೆ. ಒಬ್ಬರು ನಿವೃತ್ತ ಅಧ್ಯಾಪಕರು, ಇನ್ನೊಬ್ಬರು ಡಬ್ಬಿಂಗ್ ಸ್ಟುಡಿಯೊದಲ್ಲಿ ಧ್ವನಿಯ ಕೆಲಸ ಮಾಡುವವರು, ಉಳಿದವರು ನನ್ನ ಹಾಗೆ ಬೇರೆ ಬೇರೆ ಉದ್ಯೋಗದಲ್ಲಿದ್ದು ಸಿನಿಮಾದ ಹುಚ್ಚನ್ನು ಬಿಡಲಾರದವರು. ಹಳೆಯ ಭಯದ ಚಿತ್ರವೊಂದು ಎಂಬತ್ತು ವರ್ಷ ಕಳೆದ ಮೇಲೂ ಹೆದರಿಸುತ್ತದೆ ಎಂದರೆ ಅದರ ಹಿಂದಿರುವುದೇನು ಎಂಬ ಪ್ರಶ್ನೆ ನಮ್ಮಲ್ಲಿ ಎಷ್ಟೋ ಸಲ ಬಂದಿದೆ. ಕಳೆದ ಭಾನುವಾರ 'ಕ್ಯಾಟ್ ಪೀಪಲ್' ನೋಡಿದ ಮೇಲೆ ಆ ಮಾತು ರಾತ್ರಿ ಹನ್ನೊಂದರವರೆಗೆ ನಡೆಯಿತು. ಅಂದು ಗೆಳೆಯರು ಹೇಳಿದ್ದನ್ನೂ ನನಗೆ ತೋಚಿದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

'ಕ್ಯಾಟ್ ಪೀಪಲ್' 1942ರ ಚಿತ್ರ, 73 ನಿಮಿಷ. ಆರ್‌ಕೆಓ ಸ್ಟುಡಿಯೊಗೆ ಆಗ ಹಣದ ಮುಗ್ಗಟ್ಟು. ಕಡಿಮೆ ಖರ್ಚಿನ ಭಯದ ಚಿತ್ರಗಳನ್ನು ತೆಗೆಯಲೆಂದು ವಾಲ್ ಲ್ಯೂಟನ್ ಎಂಬ ನಿರ್ಮಾಪಕರಿಗೆ ಒಂದು ವಿಭಾಗವನ್ನೇ ಒಪ್ಪಿಸಿದ್ದರು. ಚಿತ್ರವೊಂದಕ್ಕೆ ಒಂದೂವರೆ ಲಕ್ಷ ಡಾಲರ್ ದಾಟಬಾರದು, 75 ನಿಮಿಷ ಮೀರಬಾರದು, ಹೆಸರನ್ನು ಸ್ಟುಡಿಯೊದವರೇ ಕೊಡುತ್ತಾರೆ ಎಂಬುದು ಷರತ್ತು. ಬೇರೊಂದು ದೊಡ್ಡ ಚಿತ್ರಕ್ಕೆಂದು ಕಟ್ಟಿದ್ದ ಮೆಟ್ಟಿಲಿನ ಸೆಟ್ಟನ್ನೇ ಇದರಲ್ಲಿ ಮತ್ತೆ ಬಳಸಿಕೊಂಡರು. ನಿರ್ದೇಶಕರು ಜಾಕ್ ಟೂರ್ನರ್, ಛಾಯಾಗ್ರಾಹಕರು ನಿಕೋಲಸ್ ಮುಸುರಾಕಾ, ಸಂಕಲನಕಾರರು ಮಾರ್ಕ್ ರಾಬ್ಸನ್. ಸರ್ಬಿಯಾದಿಂದ ನ್ಯೂಯಾರ್ಕಿಗೆ ಬಂದ ಇರೀನಾ ಎಂಬ ತರುಣಿಗೆ, ಗಂಡ ಹತ್ತಿರ ಬಂದರೆ ತಾನು ಕರಿಚಿರತೆಯಾಗಿಬಿಡುತ್ತೇನೆ ಎಂಬ ಅಂಜಿಕೆ. ಸಿಮೋನ್ ಸಿಮೋನ್ ಆ ಪಾತ್ರವನ್ನು ಎಷ್ಟು ಮೆಲ್ಲಗೆ, ಎಷ್ಟು ಒಂಟಿಯಾಗಿ ನಿರ್ವಹಿಸಿದ್ದಾರೆಂದರೆ, ನಾವು ಅವಳಿಗೆ ಹೆದರುವುದಕ್ಕಿಂತ ಹೆಚ್ಚಾಗಿ ಅವಳ ಸಲುವಾಗಿ ಹೆದರುತ್ತೇವೆ.

ಗಂಡನ ಸಹೋದ್ಯೋಗಿ ಆ್ಯಲಿಸ್ ಒಂದು ರಾತ್ರಿ ಸೆಂಟ್ರಲ್ ಪಾರ್ಕಿನ ರಸ್ತೆಯಲ್ಲಿ ಒಬ್ಬಳೇ ನಡೆದು ಹೋಗುತ್ತಾಳೆ. ಒಂದು ಬದಿಗೆ ಕಲ್ಲಿನ ಗೋಡೆ, ಅಲ್ಲೊಂದು ಇಲ್ಲೊಂದು ಬೀದಿದೀಪ. ದೀಪದ ಕೆಳಗೆ ಬಂದಾಗ ಅವಳು ಕಾಣಿಸುತ್ತಾಳೆ, ಮುಂದಿನ ದೀಪದವರೆಗೆ ಕತ್ತಲಲ್ಲಿ ಕರಗುತ್ತಾಳೆ. ಹಿಂದಿನಿಂದ ಇರೀನಾ ಬರುತ್ತಿದ್ದಾಳೆ. ಪರದೆಯ ಮೇಲೆ ಒಮ್ಮೆ ಇವಳ ಪಾದ, ಒಮ್ಮೆ ಅವಳ ಪಾದ. ಎತ್ತರದ ಹಿಮ್ಮಡಿಯ ಎರಡು ಜೊತೆ ಚಪ್ಪಲಿಗಳು ರಸ್ತೆಗೆ ಬಡಿಯುವ ಸದ್ದು ಬಿಟ್ಟರೆ ಬೇರೇನೂ ಕೇಳುವುದಿಲ್ಲ. ಈ ದೃಶ್ಯಕ್ಕೆ ಹಿನ್ನೆಲೆ ಸಂಗೀತವೇ ಇಲ್ಲ ಎಂಬುದನ್ನು ನಮಗೆ ತೋರಿಸಿಕೊಟ್ಟವರು ಡಬ್ಬಿಂಗ್ ಗೆಳೆಯರು. ನಾನು ಮೂರು ಸಲ ನೋಡಿದ್ದರೂ ಅದನ್ನು ಗಮನಿಸಿರಲಿಲ್ಲ. ಸಂಗೀತವಿದ್ದರೆ ಎಲ್ಲಿ ಹೆದರಬೇಕು, ಎಲ್ಲಿ ಉಸಿರು ಬಿಡಬೇಕು ಎಂದು ಅದೇ ಹೇಳಿಕೊಡುತ್ತದೆ, ಅದಿಲ್ಲದ ಕಡೆ ಕಿವಿಗೆ ಹಿಡಿದುಕೊಳ್ಳಲು ಹೆಜ್ಜೆಯ ಸದ್ದೊಂದೇ ಉಳಿಯುತ್ತದೆ ಎಂದು ಅವರು ಹೇಳಿದರು.

ಹಾಗೆ ಎರಡು ನಡಿಗೆಗಳೂ ಕಿವಿಗೆ ರೂಢಿಯಾಗುತ್ತಿರುವಾಗ ಒಂದು ನಿಂತುಬಿಡುತ್ತದೆ. ಆ್ಯಲಿಸ್ ತಿರುಗಿ ನೋಡುತ್ತಾಳೆ. ರಸ್ತೆಯಲ್ಲಿ ಯಾರೂ ಇಲ್ಲ. ಮತ್ತೆ ನಡೆಯುತ್ತಾಳೆ, ನಡಿಗೆ ಓಟವಾಗುತ್ತದೆ, ಆಗ ಪರದೆಯ ಅಂಚಿನಿಂದ ಬುಸ್ಸೆಂದು ಮೃಗದ ಸದ್ದಿನಂತೆ ನುಗ್ಗಿದ್ದು ಒಂದು ಬಸ್ಸು. ಚಿತ್ರಮಂದಿರದಲ್ಲಿ ಜನ ಬೆಚ್ಚಿಬಿದ್ದದ್ದು ಆ ಬಸ್ಸಿನ ಬ್ರೇಕಿನ ಸದ್ದಿಗೆ. ಮುಂದೆ ಲ್ಯೂಟನ್ ತಂಡದವರು ಇಂಥ ತಂತ್ರಕ್ಕೆಲ್ಲ 'ಬಸ್ಸು' ಎಂದೇ ಹೆಸರಿಟ್ಟುಕೊಂಡರು, ಸಿನಿಮಾ ಬಲ್ಲವರು ಇಂದಿಗೂ ಅದನ್ನು ಲ್ಯೂಟನ್ ಬಸ್ಸು ಎನ್ನುತ್ತಾರೆ. ಇಂದು ತಿಂಗಳಿಗೆ ನಾಲ್ಕು ಬರುವ ದೆವ್ವದ ಚಿತ್ರಗಳು ಕಲಿತಿರುವುದು ಈ ಬಸ್ಸೊಂದನ್ನೇ. ಫಕ್ಕನೆ ಒಂದು ಮುಖ, ಜೊತೆಗೆ ಕಿವಿ ಕಿವುಡಾಗುವಂಥ ಸದ್ದು.

ಆದರೆ ನನ್ನನ್ನು ಹೆದರಿಸಿದ್ದು ಬಸ್ಸಲ್ಲ. ಬಸ್ಸು ಬಂದಾಗ ನನಗೆ ಆದದ್ದು ಬಿಡುಗಡೆ. ಅದಕ್ಕೆ ಮುಂಚೆ, ಎರಡು ಹೆಜ್ಜೆಗಳಲ್ಲಿ ಒಂದು ಇಲ್ಲವಾದ ಆ ಕ್ಷಣದಲ್ಲಿ ಮೈ ಜುಮ್ಮೆಂದಿತ್ತು. ಅಂದು ನಾನು ಗೆಳೆಯರ ಮುಂದಿಟ್ಟ ಮಾತು ಇದೇ. ಒಳ್ಳೆಯ ಭಯದ ಚಿತ್ರವು ನಮ್ಮ ಮುಂದೆ ಹೊಸದೊಂದನ್ನು ತಂದು ನಿಲ್ಲಿಸಿ ಹೆದರಿಸುವುದಿಲ್ಲ, ಇದ್ದದ್ದೊಂದನ್ನು ಸದ್ದಿಲ್ಲದೆ ತೆಗೆದುಬಿಡುತ್ತದೆ. ತೆಗೆಯುವ ಮೊದಲು ಅದು ಅಲ್ಲಿದೆ ಎಂಬುದನ್ನು ನಮ್ಮ ಕಿವಿಗೋ ಕಣ್ಣಿಗೋ ರೂಢಿಮಾಡಿಸಬೇಕಾಗುತ್ತದೆ, ಮತ್ತು ಆ ರೂಢಿಗೆ ಸಮಯ ಹಿಡಿಯುತ್ತದೆ. ಹಳೆಯ ಚಿತ್ರಗಳು ನಿಧಾನ ಎಂದು ದೂರುವವರಿಗೆ ನನ್ನ ಉತ್ತರವೂ ಇದೇ. ಆ ನಿಧಾನವನ್ನು ಕತ್ತರಿಸಿ ಹಾಕಿದರೆ ತೆಗೆಯುವುದಕ್ಕೆ ಅಲ್ಲಿ ಏನೂ ಉಳಿಯುವುದಿಲ್ಲ.

ಅಧ್ಯಾಪಕರು ಇದನ್ನು ಅಷ್ಟು ಸುಲಭವಾಗಿ ಒಪ್ಪಲಿಲ್ಲ. ಅದೇ ದೃಶ್ಯದ ಕೊನೆಯಲ್ಲಿ ಕೆಸರಿನಲ್ಲಿ ಮೃಗದ ಹೆಜ್ಜೆ ಗುರುತು ಕಾಣುತ್ತದೆ, ಆ ಗುರುತುಗಳು ಮುಂದೆ ಹೋಗುತ್ತಾ ಹೆಂಗಸಿನ ಚಪ್ಪಲಿಯ ಗುರುತಾಗಿ ಬದಲಾಗುತ್ತವೆ, ಅದು ತೋರಿಸುವುದಲ್ಲದೆ ಮತ್ತೇನು ಎಂದು ಕೇಳಿದರು. ಸರಿಯಾದ ಪ್ರಶ್ನೆ. ಆದರೂ ಅಲ್ಲಿ ಕಾಣುವುದು ಗುರುತು ಮಾತ್ರ, ಆ ಗುರುತು ಮೂಡಿಸಿದವಳು ಆಗಲೇ ಹೊರಟುಹೋಗಿದ್ದಾಳೆ. ಈಜುಕೊಳದ ದೃಶ್ಯವೂ ಹಾಗೆಯೇ. ಕತ್ತಲಲ್ಲಿ ನೀರಿಗೆ ಧುಮುಕಿದ ಆ್ಯಲಿಸ್ ನಡುವೆ ನಿಂತು ಸುತ್ತ ನೋಡುತ್ತಾಳೆ, ಗೋಡೆ ಮತ್ತು ಚಾವಣಿಯ ಮೇಲೆ ನೀರಿನ ಬೆಳಕು ಅಲೆಯಾಡುತ್ತದೆ, ಎಲ್ಲಿಂದಲೋ ಗುರುಗುಟ್ಟುವ ಸದ್ದು. ಗೋಡೆಯ ಮೇಲಿನ ನೆರಳನ್ನು ತನ್ನ ಮುಷ್ಟಿಯನ್ನು ದೀಪಕ್ಕೆ ಅಡ್ಡ ಹಿಡಿದು ಮೂಡಿಸಿದೆನೆಂದು ಟೂರ್ನರ್ ಹೇಳಿಕೊಂಡಿದ್ದಾರೆ. ದೀಪ ಹತ್ತಿದಾಗ ಅಲ್ಲಿರುವುದು ಶಾಂತಳಾಗಿ ನಿಂತ ಇರೀನಾ. ಅವಳು ಹೋದ ಮೇಲೆ ನೋಡಿದರೆ ಆ್ಯಲಿಸಳ ನಿಲುವಂಗಿ ಚಿಂದಿಯಾಗಿದೆ.

ಮರುವರ್ಷ ಇದೇ ಲ್ಯೂಟನ್ ಮತ್ತು ಟೂರ್ನರ್ 'ದಿ ಲೆಪರ್ಡ್ ಮ್ಯಾನ್' ತೆಗೆದರು. ಒಟ್ಟಾರೆ ನೋಡಿದರೆ ಅದು 'ಕ್ಯಾಟ್ ಪೀಪಲ್'ನಷ್ಟು ಬಿಗಿಯಾದ ಚಿತ್ರವಲ್ಲ, ಆದರೆ ಅದರೊಳಗಿನ ಒಂದು ಬಾಗಿಲನ್ನು ನಾನು ಮರೆಯಲಾರೆ. ನ್ಯೂ ಮೆಕ್ಸಿಕೊದ ಸಣ್ಣ ಊರಿನಲ್ಲಿ ಚಿರತೆಯೊಂದು ತಪ್ಪಿಸಿಕೊಂಡಿದೆ. ಆ ರಾತ್ರಿ ತಾಯಿಯೊಬ್ಬಳು ಮಗಳನ್ನು ಮುಸುಕಿನ ಜೋಳದ ಹಿಟ್ಟು ತರಲು ಕಳಿಸುತ್ತಾಳೆ. ಹೆದರಿಕೆಯಾಗುತ್ತದೆ ಎಂದರೂ ಕೇಳದೆ ಹೊರದೂಡಿ ಬಾಗಿಲು ಹಾಕಿಕೊಳ್ಳುತ್ತಾಳೆ. ಹುಡುಗಿ ಹಿಟ್ಟು ತಂದು ಓಡೋಡಿ ಬಂದು ಬಾಗಿಲು ಬಡಿಯುವಾಗ ಕ್ಯಾಮೆರಾ ಇರುವುದು ಮನೆಯೊಳಗೆ. ನಾವು ತಾಯಿಯ ಜೊತೆಗಿದ್ದೇವೆ. ಮೊದಲು ಇದು ಮಗಳ ನೆಪ ಎಂದುಕೊಳ್ಳುವ ತಾಯಿ, ಕೂಗಿನ ದನಿ ಬದಲಾದಾಗ ಎದ್ದು ಓಡುತ್ತಾಳೆ. ಅಗುಳಿ ಜಪ್ಪಯ್ಯ ಎಂದರೂ ಸರಿಯುವುದಿಲ್ಲ. ಹೊರಗಿನ ಕೂಗು ನಿಲ್ಲುತ್ತದೆ. ಬಾಗಿಲ ಕೆಳಗಿನ ಸಂದಿಯಿಂದ ರಕ್ತ ಒಳಕ್ಕೆ ಹರಿದು ಬರುತ್ತದೆ.

ನಮ್ಮ ಅಜ್ಜಿಯ ಮನೆಗೂ ಮರದ ಅಗುಳಿಯ ಬಾಗಿಲಿತ್ತು, ಮಳೆಗಾಲದಲ್ಲಿ ಅದು ಉಬ್ಬಿ ಸಿಕ್ಕಿಕೊಳ್ಳುತ್ತಿತ್ತು. ತೊಂಬತ್ತರ ದಶಕದಲ್ಲಿ ನಮ್ಮ ಕಡೆಯೆಲ್ಲ 'ನಾಳೆ ಬಾ' ಎಂದು ಬಾಗಿಲ ಮೇಲೆ ಬರೆದದ್ದು ನೆನಪಿರುವವರಿಗೆ ನಾನು ಹೇಳುತ್ತಿರುವುದು ಬೇಗ ಅರ್ಥವಾದೀತು. ರಾತ್ರಿ ದೆವ್ವ ಬಂದು ಪರಿಚಿತರ ದನಿಯಲ್ಲಿ ಕರೆಯುತ್ತದೆ, ಓಗೊಟ್ಟರೆ ಮುಗಿಯಿತು ಎಂದು ಆಗ ಸುದ್ದಿ. ಬಾಗಿಲಾಚೆಯ ದನಿ ನಮ್ಮವರದೋ ಅಲ್ಲವೋ ಎಂದು ತಿಳಿಯದೆ ಹಾಸಿಗೆಯಲ್ಲಿ ಮಲಗಿ ಕೇಳಿಸಿಕೊಳ್ಳುವ ಮಗುವಿನಿಂದ ಆ ಸುದ್ದಿ ಕಸಿದುಕೊಂಡದ್ದು ಒಂದನ್ನೇ, ಅಮ್ಮನ ದನಿ ಅಮ್ಮನದೇ ಎಂಬ ನಂಬಿಕೆಯನ್ನು. 'ದಿ ಲೆಪರ್ಡ್ ಮ್ಯಾನ್' ಅದನ್ನು ತಿರುವಿ ಇಡುತ್ತದೆ. ಅಲ್ಲಿ ದನಿ ನಿಜವಾಗಿಯೂ ಮಗಳದೇ, ನಂಬದೆ ಹೋದವಳು ತಾಯಿ.

ಇಷ್ಟಾದ ಮೇಲೆ ಅಧ್ಯಾಪಕರು ನನ್ನ ಮಾತಿಗೆ ನಿಜವಾದ ಅಡ್ಡಿಯನ್ನು ತಂದರು. ಅದೇ ಟೂರ್ನರ್ 1957ರಲ್ಲಿ ಇಂಗ್ಲೆಂಡಿನಲ್ಲಿ ತೆಗೆದ 'ನೈಟ್ ಆಫ್ ದಿ ಡೀಮನ್'. ಚೀಟಿಯೊಂದರಲ್ಲಿ ಪ್ರಾಚೀನ ಲಿಪಿಯ ಮಂತ್ರ ಬರೆದು ಯಾರ ಕೈಗೆ ತಿಳಿಯದಂತೆ ದಾಟಿಸುತ್ತಾರೋ ಅವರನ್ನು ಪಿಶಾಚಿ ಬಂದು ಕೊಲ್ಲುತ್ತದೆ ಎಂಬುದು ಕಥೆ. ಟೂರ್ನರ್‌ಗೆ ಪಿಶಾಚಿಯನ್ನು ಹಾಗೆ ತೋರಿಸುವ ಇಷ್ಟವಿರಲಿಲ್ಲ, ನಿರ್ಮಾಪಕರು ಅದನ್ನು ಸೇರಿಸಿದರು. ಈ ಚಿತ್ರವನ್ನು ಮೆಚ್ಚುವವರು ಅಂದಿನಿಂದ ಇಂದಿನವರೆಗೆ ಎರಡು ಪಕ್ಷವಾಗಿದ್ದಾರೆ, ನಮ್ಮ ಐವರಲ್ಲೂ ಹಾಗೆಯೇ. ಮೊದಲ ಹತ್ತು ನಿಮಿಷದಲ್ಲೇ ಪಿಶಾಚಿಯನ್ನು ಕಂಡದ್ದರಿಂದಲೇ ಮುಂದೆ ಆ ಸಣ್ಣ ಚೀಟಿ ಗಾಳಿಯಿಲ್ಲದಿದ್ದರೂ ಬೆಂಕಿಯ ಕಡೆ ಹಾರಿದಾಗ ಎದೆ ನಡುಗುತ್ತದೆ, ಏನು ಬರಲಿದೆಯೆಂದು ನಾಯಕನಿಗೆ ಗೊತ್ತಿಲ್ಲದಿದ್ದರೂ ನಮಗೆ ಗೊತ್ತಿದೆ ಎಂಬುದು ಅಧ್ಯಾಪಕರ ವಾದ. ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ದೂರದ ಮರಗಳ ನಡುವೆ ಹೊಗೆ ಸುರುಳಿಯಾಗಿ ಏಳುವಾಗ, ಅದರ ಜೊತೆ ಎಣ್ಣೆ ಕಾಣದ ಗಾಲಿಯಂಥ ಕಿರುಗುಟ್ಟುವಿಕೆ ಹತ್ತಿರವಾಗುವಾಗ ನಾನೂ ಉಸಿರು ಬಿಗಿಹಿಡಿದಿದ್ದೆ. ಆದರೆ ಪಿಶಾಚಿಯ ಮುಖ ಪರದೆ ತುಂಬಿ ನಿಂತ ಗಳಿಗೆಯಲ್ಲಿ ನಾನು ಹೆದರುವುದನ್ನು ಬಿಟ್ಟು ಅದನ್ನು ಹೇಗೆ ಮಾಡಿದರೆಂದು ಯೋಚಿಸತೊಡಗಿದೆ. ಹೊಗೆಯವರೆಗೆ ಒಪ್ಪುತ್ತೇನೆ, ಮುಖವನ್ನು ಒಪ್ಪುವುದಿಲ್ಲ ಎಂದೆ. ಅಲ್ಲಿಗೆ ಆ ಮಾತು ನಿಂತಿತು.

ಲ್ಯೂಟನ್ ಬಳಿ ಪಳಗಿದ ಇನ್ನೊಬ್ಬರು ರಾಬರ್ಟ್ ವೈಸ್. ನಿರ್ದೇಶಕರಾಗಿ ಅವರಿಗೆ ಮೊದಲ ಅವಕಾಶ ಸಿಕ್ಕಿದ್ದೇ ಅಲ್ಲಿ, 1944ರಲ್ಲಿ. ಮುಂದೆ ದೊಡ್ಡ ಸಂಗೀತ ಚಿತ್ರಗಳಿಂದ ಹೆಸರಾದ ಅವರು ನಡುವೆ 1963ರಲ್ಲಿ, ಶರ್ಲಿ ಜಾಕ್ಸನ್ ಅವರ ಕಾದಂಬರಿಯಿಂದ 'ದಿ ಹಾಂಟಿಂಗ್' ಎಂಬ ಕಪ್ಪು ಬಿಳುಪಿನ ಚಿತ್ರ ತೆಗೆದರು. ಇನ್ನೂ ಪರೀಕ್ಷೆಯ ಹಂತದಲ್ಲಿದ್ದ, ಗೆರೆಗಳನ್ನು ಸೊಟ್ಟಗಾಗಿಸುವ ಮಸೂರವೊಂದನ್ನು ಅವರು ಕೇಳಿ ಪಡೆದರು, ಅದರಲ್ಲಿ ದೋಷವಿದೆಯೆಂದು ತಮಗೆ ಗೊತ್ತು ಎಂದು ಬರೆದು ಸಹಿಯನ್ನೂ ಹಾಕಿಕೊಟ್ಟರು. ಆ ಮನೆಯಲ್ಲಿ ನೆಟ್ಟಗಿರುವ ಗೋಡೆ ಎಲ್ಲಿಯೂ ಇಲ್ಲವೆನಿಸುವುದು ಅದರಿಂದಲೇ.

ಅದರಲ್ಲಿ ಎಲಿನರ್ ಎಂಬಾಕೆ ಕತ್ತಲಲ್ಲಿ ಮಲಗಿ ಗೋಡೆಯಾಚೆಯ ಗೊಣಗುವ ದನಿಯನ್ನೂ ಮಗುವಿನ ನರಳಾಟವನ್ನೂ ಕೇಳುತ್ತಾಳೆ. ಕ್ಯಾಮೆರಾ ಗೋಡೆಯ ಉಬ್ಬು ಚಿತ್ತಾರದ ಮೇಲೆ ನೆಟ್ಟಿದೆ, ನೋಡುತ್ತಾ ನೋಡುತ್ತಾ ಚಿತ್ತಾರದಲ್ಲಿ ಮುಖವೊಂದು ಮೂಡಿದಂತಾಗುತ್ತದೆ. ಜೊತೆಯಲ್ಲಿರುವ ಥಿಯೊಡೋರಾಳ ಕೈಯನ್ನು ಅವಳು ಗಟ್ಟಿಯಾಗಿ ಹಿಡಿದುಕೊಂಡಿದ್ದಾಳೆ. ಅದೊಂದೇ ಅವಳಿಗೂ ನಮಗೂ ಧೈರ್ಯ. ಕೊನೆಗೆ ತಾಳಲಾರದೆ ಕೂಗುತ್ತಾಳೆ, ದೀಪ ಹತ್ತುತ್ತದೆ, ಥಿಯೊಡೋರಾ ಕೋಣೆಯ ಇನ್ನೊಂದು ಕಡೆಯ ಹಾಸಿಗೆಯಲ್ಲಿದ್ದಾಳೆ. ಹಾಗಾದರೆ ಹಿಡಿದದ್ದು ಯಾರ ಕೈ? ಚಿತ್ರ ನಮ್ಮಿಂದ ತೆಗೆದುಕೊಂಡದ್ದು ಧೈರ್ಯಕ್ಕೆಂದು ಹಿಡಿದ ಕೈಯನ್ನೇ. 1999ರಲ್ಲಿ ಇದೇ ಕಥೆ ಮತ್ತೆ ಚಿತ್ರವಾದಾಗ ಕಂಪ್ಯೂಟರಿನ ನೆರವಿನಿಂದ ಮನೆಯನ್ನೇ ಕುಣಿಸಿದರು. ನಾನದನ್ನು ನೋಡಿದ್ದೇನೆ, ಒಂದು ದೃಶ್ಯವೂ ನನ್ನ ಜೊತೆ ಮನೆಗೆ ಬರಲಿಲ್ಲ.

ಹಿಚ್‌ಕಾಕ್ 1960ರ 'ಸೈಕೋ'ದಲ್ಲಿ ಅರ್ಧಕ್ಕೂ ಮುಂಚೆ ನಾಯಕಿಯನ್ನೇ ತೆಗೆದುಬಿಟ್ಟದ್ದು ಎಲ್ಲರಿಗೂ ತಿಳಿದ ವಿಷಯ. ಕನ್ನಡದ ಮಾತು ಬಂದಾಗ ಎಲ್ಲರೂ ಒಟ್ಟಿಗೆ ಹೇಳಿದ ಹೆಸರು 1979ರ 'ನಾ ನಿನ್ನ ಬಿಡಲಾರೆ'. ಹೆಣ್ಣಿನ ಪ್ರೇತ ಮೈಮೇಲೆ ಬಂದವನಾಗಿ ಅನಂತ್ ನಾಗ್ ಅವರ ಅಭಿನಯ ನೆನೆದರೆ ಈಗಲೂ ಬೆನ್ನು ತಣ್ಣಗಾಗುತ್ತದೆ. ಅದೇ ಮುಖ, ಅದೇ ಮೈಕಟ್ಟು, ಆದರೆ ನೋಟದಲ್ಲಿ ಆ ಮನುಷ್ಯನಿಲ್ಲ. ಮುಖವನ್ನು ಉಳಿಸಿ ಒಳಗಿನವನನ್ನು ತೆಗೆದುಬಿಡುವ ಆ ಕೆಲಸಕ್ಕೆ ನಟನೊಬ್ಬನ ಕಣ್ಣುಗಳೇ ಸಾಕಾದವು.

ಹೊರಡುವ ಹೊತ್ತಾದಾಗ ಡಬ್ಬಿಂಗ್ ಗೆಳೆಯರು, ಆ ನಡಿಗೆಯ ದೃಶ್ಯವನ್ನು ಚಿತ್ರವಿಲ್ಲದೆ ಬರೀ ಕೇಳೋಣ ಎಂದರು. ಟಿವಿಯ ಮೇಲೆ ಹೊದಿಕೆ ಹಾಕಿ, ದೀಪ ಆರಿಸಿ ಕೂತೆವು. ಎರಡು ನಡಿಗೆ ಕೇಳತೊಡಗಿದವು. ಮನೆಯ ಗೆಳೆಯರ ತಾಯಿ, ಸಿನಿಮಾದ ಸುದ್ದಿಗೇ ಬಾರದವರು, ಅಡುಗೆಮನೆಯಲ್ಲಿ ಪಾತ್ರೆ ಎತ್ತಿಡುತ್ತಿದ್ದರು. ಒಂದು ನಡಿಗೆ ನಿಂತಿತು. ಪಾತ್ರೆಯ ಸದ್ದೂ ನಿಂತಿತು. ಅವರು ಕೈ ಒರೆಸಿಕೊಳ್ಳುತ್ತಾ ಕತ್ತಲಲ್ಲೇ ಬಾಗಿಲಿಗೆ ಬಂದು, ಮೆಲ್ಲಗೆ ಕೇಳಿದರು: "ಇಬ್ಬರು ಬರ್ತಿದ್ರಲ್ಲಪ್ಪ, ಇನ್ನೊಬ್ಬರು ಎಲ್ಲಿ ಹೋದ್ರು?"