ಅಕ್ಕನ ಮಗನ ಜೊತೆ ಹಳೇ ರೆಸ್ಲಿಂಗ್ ನೋಡಿದ ದಿನ

ಅಕ್ಕನ ಮಗನಿಗೆ ಈಗಿನ ರೆಸ್ಲರ್‌ಗಳ ಎಂಟ್ರಿ ಮ್ಯೂಸಿಕ್, ಯಾರ ಬೆಲ್ಟ್ ಯಾರ ಹತ್ತಿರ ಇದೆ, ಎಲ್ಲ ಬಾಯಿಪಾಠ. ‘ಮಾಮ, ನಿನ್ನ ಕಾಲದ್ದು ಹೇಗಿತ್ತು ತೋರಿಸು’ ಅಂದ. ಮಧ್ಯಾಹ್ನ ಕೂತವರು ಕತ್ತಲಾಗುವವರೆಗೂ ಏಳಲಿಲ್ಲ.

ರೆಸ್ಲಿಂಗಿನ ವರ್ಷದ ದೊಡ್ಡ ಜಾತ್ರೆ ರೆಸಲ್‌ಮೇನಿಯಾ, 1987ರದ್ದರಿಂದ ಶುರು ಮಾಡಿದೆ. ಮಿಷಿಗನ್‌ನ ಪಾಂಟಿಯಾಕ್ ಸಿಲ್ವರ್‌ಡೋಮ್, ಹಲ್ಕ್ ಹೋಗನ್ ಎದುರು ಆಂಡ್ರೆ ದಿ ಜೈಂಟ್. ಶುರುವಿನಲ್ಲೇ ಆಂಡ್ರೆಯನ್ನು ಎತ್ತೋಕೆ ಹೋಗಿ ಹೋಗನ್ ಅವನಡಿಗೇ ಬೀಳುತ್ತಾನೆ. ಆಮೇಲೆ ತುಂಬಾ ಹೊತ್ತು ದೊಡ್ಡದೇನೂ ಆಗುವುದಿಲ್ಲ. ಆಂಡ್ರೆ ಅವನನ್ನು ತಬ್ಬಿ ಹಿಂಡುತ್ತಾ ನಿಲ್ಲುತ್ತಾನೆ, ಅಷ್ಟೇ. ‘ಯಾಕೆ ಇಷ್ಟು ನಿಧಾನ?’ ಅಂತ ಹುಡುಗ ಕೇಳಿದ. ಆಂಡ್ರೆ ಬೆನ್ನಿಗೆ ಆಪರೇಷನ್ ಆಗಿತ್ತು ಕಣೋ, ಬಟ್ಟೆಯೊಳಗೆ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಬಂದಿದ್ದ ಅಂದೆ. ಕೊನೆಗೂ ಹೋಗನ್ ಅವನನ್ನು ಎತ್ತಿ ಒಗೆದಾಗ ಇಡೀ ಸ್ಟೇಡಿಯಂ ಎದ್ದು ನಿಂತಿತು. ಸೋಫಾಗೆ ಒರಗಿದ್ದ ಹುಡುಗನೂ ಎದ್ದು ಕೂತ. ಇಡೀ ಪಂದ್ಯದಲ್ಲಿ ಇದ್ದದ್ದು ಒಂದೇ ಪ್ರಶ್ನೆ, ಎತ್ತುತ್ತಾನಾ ಇಲ್ವಾ? ಅಷ್ಟು ಸಣ್ಣ ಪ್ರಶ್ನೆಯಲ್ಲಿ ಅಷ್ಟು ಜನರನ್ನು ಹಿಡಿದಿಟ್ಟರು ನೋಡಿ, ಅದಕ್ಕೇ ನನಗೆ ಆ ಪಂದ್ಯದ ಮೇಲೆ ಇವತ್ತಿಗೂ ಗೌರವ.

ಅವತ್ತೇ ರ್‍ಯಾಂಡಿ ಸ್ಯಾವೇಜ್, ರಿಕಿ ಸ್ಟೀಮ್‌ಬೋಟ್ ಪಂದ್ಯವೂ ಇತ್ತು. ಆಗಿನ ಹೆಚ್ಚಿನವರು ರಿಂಗಿನಲ್ಲೇ ಕಿವಿಯಲ್ಲಿ ಪಿಸುಗುಟ್ಟಿಕೊಂಡು ಮುಂದಿನ ಪಟ್ಟು ತೀರ್ಮಾನಿಸುತ್ತಿದ್ದರು. ಸ್ಯಾವೇಜ್ ಹಾಗಲ್ಲ, ಪ್ರತಿ ಹೆಜ್ಜೆಯನ್ನೂ ಮೊದಲೇ ಬರೆದಿಟ್ಟು ತಾಲೀಮು ಮಾಡುತ್ತಿದ್ದ. ‘ಇದು ಈಗಿನದ್ದರ ಥರಾನೇ ಇದೆ’ ಅಂತ ಹುಡುಗನೇ ಹೇಳಿದ. ಸರಿಯಾಗಿ ಹಿಡಿದ. ಇವತ್ತಿನ ವೇಗದ ಆಟಕ್ಕೆ ಆ ಪಂದ್ಯ ದಾರಿ ಹಾಕಿಕೊಟ್ಟಿತು.

‘ಆಗ ಎಲ್ಲರೂ ಇದು ನಿಜ ಅಂತ ನಂಬ್ತಿದ್ರಾ?’ ಅಂತ ಅವನ ಮುಂದಿನ ಪ್ರಶ್ನೆ. ನಂಬದವರೂ ಇದ್ದರು. ಆದರೆ ಸೋಲು ಗೆಲುವು ಮೊದಲೇ ತೀರ್ಮಾನ ಆಗಿರುತ್ತೆ ಅನ್ನೋ ಗುಟ್ಟು ಕಾಪಾಡುವುದೇ ಆ ಕಸುಬಿನ ಮೊದಲ ನಿಯಮ. 1987ರಲ್ಲೇ ರಿಂಗಿನಲ್ಲಿ ಬದ್ಧವೈರಿಗಳಾಗಿದ್ದ ಐರನ್ ಶೇಕ್ ಮತ್ತು ಜಿಮ್ ಡಗನ್ ಒಂದೇ ಕಾರಿನಲ್ಲಿ ಹೋಗುವಾಗ ನ್ಯೂಜೆರ್ಸಿಯಲ್ಲಿ ಪೊಲೀಸರಿಗೆ ಸಿಕ್ಕಿಬಿದ್ದರು. ಕೇಸಿನಷ್ಟೇ ಜೋರಾಗಿ ಸುದ್ದಿಯಾದದ್ದು ವೈರಿಗಳಿಬ್ಬರೂ ಒಟ್ಟಿಗೆ ಇದ್ದರು ಅನ್ನೋದು. 1989ರಲ್ಲಿ ಅದೇ ನ್ಯೂಜೆರ್ಸಿಯ ಶಾಸಕರ ಮುಂದೆ ರೆಸಲ್‌ಮೇನಿಯಾ ನಡೆಸುವ ಕಂಪನಿಯವರೇ (ಈಗಿನ ಡಬ್ಲ್ಯೂಡಬ್ಲ್ಯೂಇ) ಇದು ಮನರಂಜನೆ ಅಂತ ಒಪ್ಪಿಕೊಂಡರು. ಕ್ರೀಡೆ ಅಂದರೆ ಕ್ರೀಡಾ ಆಯೋಗದ ನಿಯಮ, ತೆರಿಗೆ ಎಲ್ಲ ಮೈಮೇಲೆ ಬರುತ್ತಿತ್ತಲ್ವಾ!

ಆಮೇಲೆ 1997. ಬ್ರೆಟ್ ಹಾರ್ಟ್ ಹಾಕಿದ, ಕಾಲು ತಿರುಚಿ ಹಿಡಿಯುವ ಶಾರ್ಪ್‌ಶೂಟರ್ ಪಟ್ಟಿನಲ್ಲಿ ಸ್ಟೀವ್ ಆಸ್ಟಿನ್ ಸಿಕ್ಕಿಕೊಂಡಿದ್ದಾನೆ. ಹಣೆಯಿಂದ ರಕ್ತ ಇಳಿದು ಹಲ್ಲಿನ ಸಂದಿಗೆಲ್ಲ ತುಂಬಿದೆ. ಸೋಲು ಒಪ್ಪುವುದಿಲ್ಲ, ಪ್ರಜ್ಞೆ ತಪ್ಪಿ ಬೀಳುತ್ತಾನೆ. ಅಲ್ಲಿಂದ ಜನ ಖಳನಾಯಕನಾಗಿದ್ದ ಆಸ್ಟಿನ್ ಕಡೆ ತಿರುಗಿದರು. ಹುಡುಗ ಮಾತಾಡದೆ ನೋಡಿದ. 1998ರ ಹೆಲ್ ಇನ್ ಎ ಸೆಲ್, ಅಂದರೆ ರಿಂಗನ್ನು ಪಂಜರದಿಂದ ಮುಚ್ಚಿ ಆಡುವ ಪಂದ್ಯ, ಮಾತ್ರ ಬೇಕಂತಲೇ ಬಿಟ್ಟೆ. 16 ಅಡಿ ಎತ್ತರದ ಪಂಜರದ ಮೇಲಿಂದ ಅಂಡರ್‌ಟೇಕರ್ ಮಿಕ್ ಫೋಲಿಯನ್ನು ಕೆಳಗೆ ತಳ್ಳಿದ್ದು ಮೊದಲೇ ಯೋಚಿಸಿದ್ದು. ಆಮೇಲೆ ಪಂಜರದ ಮೇಲಿನ ಜಾಲರಿ ಕಳಚಿ ಫೋಲಿ ರಿಂಗಿಗೆ ಬಿದ್ದದ್ದು ಯಾರೂ ಯೋಚಿಸಿರದೇ ಇದ್ದದ್ದು. ನಾನು ಹುಡುಗನಾಗಿದ್ದಾಗ ಅದನ್ನು ಕೂಗಾಡಿಕೊಂಡು ನೋಡಿದ್ದೆ. ಈಗ ಆಗಲ್ಲ.

ನನ್ನ ಪ್ರಕಾರ ನಿಜವಾದ ಬದಲಾವಣೆ ಇಲ್ಲೇ ಇದೆ. ಬೆಳಕು, ಪರದೆ, ಪಟಾಕಿ ಎಲ್ಲ ಆಮೇಲೆ. ತಲೆಗೆ ಬಿದ್ದ ಪೆಟ್ಟಿನಿಂದ ರೆಸ್ಲಿಂಗ್ ಬಿಟ್ಟ ಕ್ರಿಸ್ ನೊವಿನ್ಸ್ಕಿ 2007ರಲ್ಲಿ ಇಂಥ ಪೆಟ್ಟುಗಳ ಬಗ್ಗೆ ಒಂದು ಸಂಸ್ಥೆಯನ್ನೇ ಜೊತೆಗೂಡಿ ಕಟ್ಟಿದರು. 2010ರ ಹೊತ್ತಿಗೆ ಡಬ್ಲ್ಯೂಡಬ್ಲ್ಯೂಇ ತಲೆಗೆ ಕುರ್ಚಿಯಲ್ಲಿ ಹೊಡೆಯುವುದನ್ನು ನಿಲ್ಲಿಸಿತು. ಹಳೇ ವಿಡಿಯೋದಲ್ಲಿ ಒಬ್ಬ ಕೈ ಅಡ್ಡ ಇಡದೆ ತಲೆಗೇ ಕುರ್ಚಿ ಏಟು ತಿಂದಾಗ ನಮ್ಮ ಹುಡುಗ ಬೆಚ್ಚಿಬಿದ್ದ. ‘ಬೆನ್ನಿಗಲ್ವಾ ಹೊಡೀಬೇಕು?’ ಅಂದ. ಅವನಿಗೆ ಅದೇ ಸಹಜ. ಕೇಳಿ ತುಂಬಾ ಖುಷಿಯಾಯಿತು.

2015ರ ಸಾಶಾ ಬ್ಯಾಂಕ್ಸ್, ಬೇಲಿ ಪಂದ್ಯ ಹಾಕಿದಾಗ ಅಕ್ಕನೂ ಬಂದು ಕೂತಳು. ‘ಹುಡುಗೀರ ಮ್ಯಾಚ್ ಬಂದ್ರೆ ನೀನು ಎದ್ದು ಹೋಗ್ತಿದ್ದೆ, ಅದೂ ಎರಡು ನಿಮಿಷದಲ್ಲಿ ಮುಗಿದುಹೋಗ್ತಿತ್ತು’ ಅಂತ ನೆನಪಿಸಿದಳು. ನಿಜ, ಆಗ ಅವರಿಗೆ ಸಮಯವನ್ನೇ ಕೊಡುತ್ತಿರಲಿಲ್ಲ. 2019ರ ರೆಸಲ್‌ಮೇನಿಯಾದ ಕೊನೆಯ, ದೊಡ್ಡ ಪಂದ್ಯ ಆಡಿದ್ದು ಬೆಕಿ ಲಿಂಚ್, ರೋಂಡಾ ರೌಸಿ, ಶಾರ್ಲೆಟ್ ಫ್ಲೇರ್. ಅಕ್ಕ ಅದನ್ನೂ ಪೂರ್ತಿ ನೋಡಿಯೇ ಎದ್ದಳು.

ಒಂದು ವಿಷಯದಲ್ಲಿ ಮಾತ್ರ ನಾನು ಹಳೇ ಕಾಲದ ಪರ. ಜೇಕ್ ರಾಬರ್ಟ್ಸ್ ಎದುರಾಳಿಯ ತಲೆಯನ್ನು ಕಂಕುಳಲ್ಲಿ ಸಿಕ್ಕಿಸಿ ಹಿಂದಕ್ಕೆ ಬಿದ್ದರೆ ಮುಗೀತು, ಪಂದ್ಯ ಅಲ್ಲಿಗೇ ಖಲಾಸ್. ಅದೇ ಡಿಡಿಟಿ. ಈಗ ಅದನ್ನು ಪಂದ್ಯದ ಮಧ್ಯೆ ಯಾರು ಬೇಕಾದರೂ ಹಾಕುತ್ತಾರೆ, ಬಿದ್ದವನು ಎರಡು ಎಣಿಸುವಷ್ಟರಲ್ಲಿ ಭುಜ ಎತ್ತಿ ಸೋಲು ತಪ್ಪಿಸಿಕೊಳ್ಳುತ್ತಾನೆ. ಜೇಕ್‌ನ ಪಂದ್ಯ ಹಾಕಿದೆ. ಎದುರಾಳಿ ಎದ್ದೇಳುತ್ತಾನೆ ಅಂತ ಹುಡುಗ ಕಾಯುತ್ತಾ ಕೂತ. ಏಳಲಿಲ್ಲ. ‘ಅಷ್ಟಕ್ಕೇ ಮುಗೀತಾ?’ ಅಂದ. ಮುಗೀತು ಅಂದೆ. ಈಗಿನವರು ಅಷ್ಟೆಲ್ಲ ಕಷ್ಟಪಟ್ಟು ಗಾಳಿಯಲ್ಲಿ ಪಲ್ಟಿ ಹೊಡೆಯುತ್ತಾರೆ. ಆ ಶ್ರಮಕ್ಕೆ ಬೆಲೆ ಬರಬೇಕಾದರೆ ಒಂದೊಂದು ಪಟ್ಟನ್ನಾದರೂ ಹೀಗೆ ಕೊನೆಗೇ ಅಂತ ಮೀಸಲಿಡಲಿ.