ಆಟ ಮುಗಿದ ಮೇಲಿನ ಮೂವತ್ತೈದು ನಿಮಿಷ

ದೀಪಾವಳಿ ಕಳೆದು ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟವೆಂದರೆ ಮೇ ಕೊನೆಯ ಪತ್ತನಾಜೆಯವರೆಗೆ ನನ್ನ ನಿದ್ದೆಯ ಲೆಕ್ಕ ತಪ್ಪಿಹೋಗುತ್ತದೆ. ಹಗಲಿಗೆ ಕಚೇರಿ, ವಾರಕ್ಕೆ ಒಂದೆರಡು ರಾತ್ರಿ ಕುಂದಾಪುರ, ಬ್ರಹ್ಮಾವರದ ಆಸುಪಾಸಿನ ಯಾವುದಾದರೊಂದು ಗದ್ದೆಯಲ್ಲಿ ಬಯಲಾಟ. ಮಂಡಿಯೂರಿ ಗಿರಕಿ ಹೊಡೆಯುವ ಪುಂಡುವೇಷದ (ತರುಣ ವೀರರ ಪಾತ್ರದ) ಮುಖ ಬೆಳಕಿಗೆ ತಿರುಗುವುದು ಎವೆಯಿಕ್ಕುವಷ್ಟು ಹೊತ್ತು ಮಾತ್ರವಾದ್ದರಿಂದ ಒಂದೊಂದು ಭಂಗಿಗೂ ಹತ್ತು ಹದಿನೈದು ಚಿತ್ರಗಳನ್ನು ಎಡೆಬಿಡದೆ ತೆಗೆಯಬೇಕಾಗುತ್ತದೆ. ಹೀಗಾಗಿ ಭಾಗವತರು ಮಂಗಳಪದ್ಯ ಹಾಡುವ ಹೊತ್ತಿಗೆ ನನ್ನ ಮೆಮೊರಿ ಕಾರ್ಡಿನಲ್ಲಿ ಸುಮಾರು 1,800 ಚಿತ್ರಗಳು ಸೇರಿಕೊಂಡಿರುತ್ತವೆ. ಚೌಕಿಯಲ್ಲಿ ಬಣ್ಣ ಒರೆಸಿಕೊಳ್ಳುತ್ತಲೇ ಕಲಾವಿದರು, "ಪಟ ಇವತ್ತೇ ಕಳ್ಸಿ ಮಾರಾಯ್ರೆ" ಎನ್ನುತ್ತಾರೆ. ಆರು ಗಂಟೆಗೆ ಮನೆ ಸೇರಿ ಒಂಬತ್ತೂವರೆಗೆ ಕಚೇರಿಯಲ್ಲಿರಬೇಕಾದ ನನಗೆ, ಆ ನಡುವೆ ಕಾರ್ಡನ್ನು ಕಂಪ್ಯೂಟರಿಗೆ ಇಳಿಸುವುದಕ್ಕೇ ಮೂವತ್ತೈದು ನಿಮಿಷ ಹಿಡಿಯುತ್ತಿತ್ತು. ಉಳಿದ ಕೆಲಸವೆಲ್ಲ ಅದರ ನಂತರ.

ಇದರ ಗಣಿತ ಸರಳವಾದದ್ದು. ನನ್ನದು 24 ಮೆಗಾಪಿಕ್ಸೆಲ್ ಕ್ಯಾಮೆರಾ. ಕ್ಯಾಮೆರಾ ಕಂಡದ್ದನ್ನು ಸಂಸ್ಕರಿಸದೆ ಹಾಗೆಯೇ ಇಡುವ ಅದರ ರಾ ಫೈಲ್ ಒಂದಕ್ಕೆ ಸುಮಾರು 28 ಎಂಬಿ, ಜೊತೆಗೆ ದಾಖಲಾಗುವ ಜೆಪೆಗ್ ಫೈಲಿಗೆ ಸುಮಾರು 12 ಎಂಬಿ. ಒಟ್ಟು ಚಿತ್ರವೊಂದಕ್ಕೆ 40 ಎಂಬಿ. 1,800 ಚಿತ್ರಗಳೆಂದರೆ 72,000 ಎಂಬಿ. ಇದನ್ನು ಮೂವತ್ತೈದು ನಿಮಿಷಗಳಿಗೆ, ಅಂದರೆ 2,100 ಸೆಕೆಂಡುಗಳಿಗೆ ಭಾಗಿಸಿದರೆ ಸೆಕೆಂಡಿಗೆ 34 ಎಂಬಿ ಎಂದಾಗುತ್ತದೆ. ಈ 34 ಎಂಬ ಸಂಖ್ಯೆಯನ್ನು ನಾನು ಮೊದಲ ದಿನವೇ ಕಾಗದದ ಮೇಲೆ ಬರೆದು ನೋಡಿದ್ದರೆ ಹೊಸ ಕಾರ್ಡಿಗೆ ಕೊಟ್ಟ ಹಣ ಕಿಸೆಯಲ್ಲಿಯೇ ಉಳಿಯುತ್ತಿತ್ತು.

ಆದರೆ ನಾನು ಎಲ್ಲರಂತೆ ಮೊದಲು ಅಂಗಡಿಗೆ ಹೋದೆ. ನಿಧಾನವೆಂದರೆ ಕಾರ್ಡೇ ನಿಧಾನವಿರಬೇಕು ಎಂಬುದು ನನ್ನ ತರ್ಕವಾಗಿತ್ತು. ಸೆಕೆಂಡಿಗೆ 170 ಎಂಬಿ ಎಂದು ದಪ್ಪ ಅಕ್ಷರಗಳಲ್ಲಿ ಮುದ್ರಿಸಿದ್ದ 128 ಜಿಬಿ ಕಾರ್ಡೊಂದನ್ನು ತಂದು, ಮರುದಿನದ ಆಟವನ್ನು ಅದರಲ್ಲಿಯೇ ಸೆರೆಹಿಡಿದು, ಬೆಳಿಗ್ಗೆ ಲ್ಯಾಪ್‌ಟಾಪಿನ ಪಕ್ಕದ ಸೀಳಿಗೆ ತೂರಿಸಿ ಗಡಿಯಾರ ನೋಡಿಕೊಂಡು ಕುಳಿತೆ. ಮತ್ತೆ ಮೂವತ್ತೈದು ನಿಮಿಷ. ಒಂದು ನಿಮಿಷವೂ ಕಡಿಮೆಯಾಗಲಿಲ್ಲ.

ಕಾರ್ಡಿನ ಮೇಲಿನ ಗುರುತುಗಳನ್ನು ನಾನು ಸರಿಯಾಗಿ ಓದಿದ್ದು ಆಮೇಲೆ. ಎದ್ದು ಕಾಣುವ ದೊಡ್ಡ ಸಂಖ್ಯೆ ಸಾಮಾನ್ಯವಾಗಿ ಕಾರ್ಡಿನಿಂದ ಓದುವ ಗರಿಷ್ಠ ವೇಗವನ್ನು ಹೇಳುತ್ತದೆ. ಯು ಅಕ್ಷರದ ಒಳಗಿರುವ 3, ಅದರ ಪಕ್ಕದ ವಿ30 ಎಂಬ ಗುರುತುಗಳು ಹೇಳುವುದು ಕಾರ್ಡಿಗೆ ಬರೆಯುವ ಕನಿಷ್ಠ ವೇಗವನ್ನು. ಎರಡರ ಅರ್ಥವೂ ಸೆಕೆಂಡಿಗೆ 30 ಎಂಬಿಗೆ ಕಡಿಮೆಯಾಗದು ಎಂದೇ. ಅದು ಕ್ಯಾಮೆರಾದ ಒಳಗಿನ ವ್ಯವಹಾರ, ಮುಖ್ಯವಾಗಿ ವಿಡಿಯೊ ತೆಗೆಯುವವರಿಗೆ ಬೇಕಾದದ್ದು. ಕಂಪ್ಯೂಟರಿಗೆ ಇಳಿಸುವಾಗ ಅದರಿಂದ ಏನೂ ಆಗುವುದಿಲ್ಲ. ಇವೆಲ್ಲದರ ನಡುವೆ ಚಿಕ್ಕದಾಗಿ ಮುದ್ರಿಸಿರುವ ರೋಮನ್ ಅಂಕಿ, ಒಂದು ಗೀಟೋ ಎರಡು ಗೀಟೋ ಎಂಬುದು, ಎಲ್ಲಕ್ಕಿಂತ ಮುಖ್ಯವಾದದ್ದು. ಒಂದು ಗೀಟೆಂದರೆ ಯುಎಚ್‌ಎಸ್-1. ಅದು ಕಾರ್ಡಿನ ಮಾಹಿತಿ ಸಾಗುವ ದಾರಿಯ ಹೆಸರು; ಆ ದಾರಿಯಲ್ಲಿ ಮಾನಕದ ಪ್ರಕಾರ ಸೆಕೆಂಡಿಗೆ 104 ಎಂಬಿಗಿಂತ ಹೆಚ್ಚು ಸಾಗುವುದಿಲ್ಲ. ನನ್ನ ಕಾರ್ಡಿನ ಮೇಲಿದ್ದದ್ದೂ ಒಂದೇ ಗೀಟು. ಹಾಗಿದ್ದರೆ 170 ಎಂದು ಬರೆದದ್ದು ಸುಳ್ಳೇ ಎಂದರೆ, ಪೂರ್ತಿ ಸುಳ್ಳಲ್ಲ: ಮಾನಕದ ಆಚೆಗಿನ ಒಂದು ವಿಶೇಷ ವಿಧಾನದಲ್ಲಿ, ಆ ವಿಧಾನವನ್ನು ಬಲ್ಲ ಕಾರ್ಡ್ ರೀಡರಿನಲ್ಲಿ (ಕಾರ್ಡನ್ನು ಓದುವ ಸಾಧನದಲ್ಲಿ) ಮಾತ್ರ ಆ ವೇಗ ಸಿಗುತ್ತದೆ. ಉಳಿದ ರೀಡರುಗಳಲ್ಲಿ 90ರ ಆಸುಪಾಸು. ಪೊಟ್ಟಣದ ಹಿಂಬದಿಯಲ್ಲಿ ಸಾಸಿವೆ ಗಾತ್ರದ ಅಕ್ಷರಗಳಲ್ಲಿ ಇದನ್ನು ಬರೆದಿರುತ್ತಾರೆ; ಅಂಗಡಿಯ ಬೆಳಕಿನಲ್ಲಿ ಅದನ್ನು ಓದುವವರು ಯಾರು?

ಆದರೂ 90 ಕೂಡ 34 ಅಲ್ಲವಲ್ಲ. ಆ 34 ಎಲ್ಲಿಂದ ಬಂತು ಎಂಬುದಕ್ಕೆ ಉತ್ತರ ಲ್ಯಾಪ್‌ಟಾಪಿನ ಸೀಳಿನೊಳಗೇ ಇತ್ತು. 2000ದಲ್ಲಿ ಬಂದ ಯುಎಸ್‌ಬಿ 2.0 ಸೆಕೆಂಡಿಗೆ 480 ಮೆಗಾಬಿಟ್ ಸಾಗಿಸಬಲ್ಲದು. ಬಿಟ್ ಬೇರೆ, ಬೈಟ್ ಬೇರೆ. ಎಂಟು ಬಿಟ್‌ಗಳಿಗೆ ಒಂದು ಬೈಟ್ ಆದ್ದರಿಂದ ಅದು 60 ಮೆಗಾಬೈಟ್ ಆಗುತ್ತದೆ, ಸಾಧನಗಳು ತಮ್ಮತಮ್ಮೊಳಗೆ ನಡೆಸುವ ಮಾತುಕತೆಯ ವೆಚ್ಚ ಕಳೆದರೆ ಕೈಗೆ ಸಿಗುವುದು 30ರಿಂದ 40 ಮಾತ್ರ. ಅನೇಕ ಲ್ಯಾಪ್‌ಟಾಪುಗಳಲ್ಲಿ ಪಕ್ಕದ ಕಾರ್ಡ್ ಸೀಳು ಒಳಗಿಂದೊಳಗೆ ಯುಎಸ್‌ಬಿ 2.0 ತಂತಿಗೇ ಜೋಡಣೆಯಾಗಿರುತ್ತದೆ, ಆ ಲ್ಯಾಪ್‌ಟಾಪಿನ ಹೊರಗಿನ ಪೋರ್ಟುಗಳು ಎಷ್ಟೇ ಹೊಸದಾಗಿರಲಿ. ನನ್ನದೂ ಹಾಗೆಯೇ ಇತ್ತು. ಲಿನಕ್ಸ್ ಬಳಸುವವರು ಎಲ್‌ಎಸ್‌ಯುಎಸ್‌ಬಿ ಆಜ್ಞೆಯನ್ನು ಮರದ ರೂಪದಲ್ಲಿ ತೋರಿಸುವಂತೆ ಕೊಟ್ಟರೆ ಪ್ರತಿ ಸಾಧನದ ಎದುರಿಗೆ ಅದರ ವೇಗ, ಯುಎಸ್‌ಬಿ 2.0 ಆದರೆ 480, 3.0 ಆದರೆ 5000 ಎಂದು ಕಾಣುತ್ತದೆ. ಮ್ಯಾಕ್‌ನಲ್ಲಿ ಸಿಸ್ಟಂ ರಿಪೋರ್ಟ್ ತೆರೆದು ಯುಎಸ್‌ಬಿ ವಿಭಾಗದಲ್ಲಿ ನೋಡಬಹುದು. ವಿಂಡೋಸ್ ಬಳಸುವ ನಾನು ಹಳೆಯ ಉಪಾಯವನ್ನೇ ನೆಚ್ಚಿಕೊಂಡಿದ್ದೇನೆ: ಐದು ಜಿಬಿಯ ಒಂದು ಫೋಲ್ಡರನ್ನು ನಕಲು ಮಾಡಲು ಬಿಟ್ಟು ಮೊಬೈಲಿನ ಸ್ಟಾಪ್‌ವಾಚ್ ಒತ್ತುವುದು. ಎರಡೂವರೆ ನಿಮಿಷ ಹಿಡಿದರೆ ದಾರಿಯಲ್ಲಿ ಎಲ್ಲೋ ಯುಎಸ್‌ಬಿ 2.0 ಕುಳಿತಿದೆ ಎಂದು ಅರ್ಥ.

ಬಿಡಿ ಕಾರ್ಡ್ ರೀಡರೊಂದನ್ನು ತಂದೆ, ಯುಎಸ್‌ಬಿ 3.0, ಬೆಲೆ ಆ ಕಾರ್ಡಿನ ಅರ್ಧಕ್ಕಿಂತ ಕಡಿಮೆ. ಈ 3.0 ಎಂಬುದನ್ನೇ ಆಮೇಲೆ 3.1 ಜೆನ್ 1 ಎಂದೂ 3.2 ಜೆನ್ 1 ಎಂದೂ ಕರೆದಿದ್ದಾರೆ. ಮೂರೂ ಒಂದೇ, ಸೆಕೆಂಡಿಗೆ 5 ಗಿಗಾಬಿಟ್. ಹೆಸರಿನಲ್ಲಿ ಅಂಕಿ ದೊಡ್ಡದಾಗಿದೆ ಎಂದು ಹೆಚ್ಚು ಹಣ ತೆರುವ ಅಗತ್ಯವಿಲ್ಲ. ಮೊದಲ ದಿನವೇ ವೇಗ 88ಕ್ಕೆ ಏರಿ, ಹದಿನಾಲ್ಕು ನಿಮಿಷದೊಳಗೆ ಕಾರ್ಡ್ ಪೂರ್ತಿ ಇಳಿಯಿತು. ಕಾಫಿ ಆರುವುದಕ್ಕೆ ಮೊದಲೇ ಕೆಲಸ ಮುಗಿದದ್ದು ಅದೇ ಮೊದಲು.

ಎರಡು ವಾರಗಳ ನಂತರ ಒಂದು ಬೆಳಿಗ್ಗೆ ಮತ್ತೆ 34. ರೀಡರ್ ಕೆಟ್ಟಿತೆಂದುಕೊಂಡೆ. ಕೆಟ್ಟಿರಲಿಲ್ಲ, ರೀಡರಿನ ಜೊತೆಗೆ ಬಂದಿದ್ದ ಮೋಟು ಕೇಬಲ್ ಬ್ಯಾಗಿನ ಯಾವುದೋ ಮೂಲೆಯಲ್ಲಿ ಸೇರಿಕೊಂಡಿದ್ದರಿಂದ ಮೊಬೈಲ್ ಚಾರ್ಜರಿನ ಟೈಪ್-ಸಿ ಕೇಬಲನ್ನು ಚುಚ್ಚಿದ್ದೆ. ಎರಡರ ಮೂತಿಯೂ ಒಂದೇ ಆಕಾರದ್ದು, ಆದರೆ ಚಾರ್ಜರಿನ ಜೊತೆ ಕೊಡುವ ಕೇಬಲುಗಳಲ್ಲಿ ಬಹಳಷ್ಟರ ಒಳಗೆ ಇರುವುದು ಯುಎಸ್‌ಬಿ 2.0 ತಂತಿಗಳು ಮಾತ್ರ. ಈಗ ಆ ಮೋಟು ಕೇಬಲಿಗೆ ಕೆಂಪು ನೂಲು ಕಟ್ಟಿದ್ದೇನೆ. ಹಳೆಯ ಅಗಲ ಮೂತಿಯ ರೀಡರುಗಳಲ್ಲಿ ಇನ್ನೊಂದು ತಮಾಷೆಯಿದೆ. ನೀಲಿ ಬಣ್ಣದ ಆ ಮೂತಿಯಲ್ಲಿ ಹಳೆಯ ನಾಲ್ಕು ಸಂಪರ್ಕಗಳು ಮುಂದಕ್ಕೆ, ಹೊಸ ಐದು ಹಿಂದಕ್ಕೆ ಇರುತ್ತವೆ. ನಿದ್ದೆಗಣ್ಣಿನಲ್ಲಿ ಮೆಲ್ಲಗೆ ತೂರಿಸಿದರೆ ಮುಂದಿನ ನಾಲ್ಕೇ ಮೊದಲು ತಗುಲಿ, ಕಂಪ್ಯೂಟರು ಇದು ಹಳೆಯ ಸಾಧನವೆಂದು ತೀರ್ಮಾನಿಸಿಬಿಡುವುದುಂಟು. ತೆಗೆದು ಒಂದೇ ಸಲಕ್ಕೆ ಪೂರ್ತಿ ಒತ್ತಿದರೆ ಸರಿಹೋಗುತ್ತದೆ.

ಇಷ್ಟಾದ ಮೇಲೆ ಆಸೆ ಬೆಳೆಯುವುದು ಸಹಜ. ಎರಡು ಗೀಟಿನ ಯುಎಚ್‌ಎಸ್-2 ಕಾರ್ಡುಗಳ ಬೆನ್ನಿನ ಮೇಲೆ ಚಿನ್ನದ ಬಣ್ಣದ ಸಂಪರ್ಕಗಳ ಎರಡನೆಯ ಸಾಲಿರುತ್ತದೆ; ಅದರ ಮೂಲಕ ಸೆಕೆಂಡಿಗೆ 312 ಎಂಬಿಯವರೆಗೆ ಸಾಗಬಹುದು. ಕ್ಯಾಮೆರಾಕ್ಕೆ ಯುಎಚ್‌ಎಸ್-2 ಗೊತ್ತಿಲ್ಲದಿದ್ದರೆ ಇಂಥ ಕಾರ್ಡ್ ವ್ಯರ್ಥವೆಂದು ಹಲವರು ನಂಬಿದ್ದಾರೆ. ಚಿತ್ರ ತೆಗೆಯುವಾಗ ಆ ಮಾತು ನಿಜ, ಇಳಿಸುವಾಗ ನಿಜವಲ್ಲ: ಹಳೆಯ ಕ್ಯಾಮೆರಾದಲ್ಲಿ ಅದು ಮೊದಲ ಸಾಲಿನ ಮೂಲಕ ಯುಎಚ್‌ಎಸ್-1ರ ವೇಗದಲ್ಲಿ ಕೆಲಸ ಮಾಡಿ, ಯುಎಚ್‌ಎಸ್-2 ರೀಡರಿನಲ್ಲಿ ತನ್ನ ಪೂರ್ಣ ವೇಗದಲ್ಲಿ ಓದಿಸಿಕೊಳ್ಳುತ್ತದೆ. 250ರ ವೇಗ ಸಿಕ್ಕರೂ ನನ್ನ 72 ಜಿಬಿ ಐದು ನಿಮಿಷದೊಳಗೆ ಇಳಿಯಬೇಕು. ಹಾಗಿದ್ದೂ ನಾನು ಅದನ್ನು ಕೊಂಡಿಲ್ಲ. ಆಟವೊಂದಕ್ಕೆ ಒಂಬತ್ತು ನಿಮಿಷ ಉಳಿಸಲು ಆ ಬೆಲೆ ಹೆಚ್ಚೆಂಬುದು ನನ್ನ ಅಭಿಪ್ರಾಯ; ಮದುವೆ ಮನೆಗಳಲ್ಲಿ ದಿನಕ್ಕೆ ನಾಲ್ಕು ಕಾರ್ಡ್ ತುಂಬಿಸುವ ವೃತ್ತಿಪರರ ಲೆಕ್ಕ ಬೇರೆಯಿರುತ್ತದೆ.

ಕೊಳ್ಳದಿರಲು ಇನ್ನೊಂದು ಕಾರಣವೂ ಇತ್ತು. ನಾನು ಚಿತ್ರಗಳನ್ನು ನೇರವಾಗಿ ಇಳಿಸುತ್ತಿದ್ದದ್ದು ಅಂಗೈ ಗಾತ್ರದ ಹೊರಗಿನ ಹಾರ್ಡ್ ಡಿಸ್ಕಿಗೆ. ತಿರುಗುವ ತಟ್ಟೆಯ ಆ ಡಿಸ್ಕುಗಳು ಸೆಕೆಂಡಿಗೆ ನೂರು, ನೂರಿಪ್ಪತ್ತು ಎಂಬಿ ಬರೆದರೆ ಅದೇ ಹೆಚ್ಚು, ಮತ್ತು ತುಂಬುತ್ತ ಹೋದಂತೆ ತಟ್ಟೆಯ ಒಳಸುತ್ತಿಗೆ ಬಂದಾಗ ವೇಗ ಇನ್ನೂ ಇಳಿಯುತ್ತದೆ. ವಿಂಡೋಸ್‌ನ ನಕಲು ಕಿಟಕಿಯಲ್ಲಿ ವಿವರಗಳನ್ನು ತೆರೆದು ನೋಡಿದರೆ ಹಸಿರು ಗೆರೆ ಮೊದಲ ಕೆಲವು ಸೆಕೆಂಡು ಎತ್ತರದಲ್ಲಿ ಹಾರಾಡಿ, ಇದ್ದಕ್ಕಿದ್ದಂತೆ ಕುಸಿದು, ಆಮೇಲೆ ಏದುಸಿರು ಬಿಡುವವನ ಎದೆಯಂತೆ ಏರಿಳಿಯತೊಡಗುತ್ತದೆ. ಆರಂಭದ ಹಾರಾಟವೆಲ್ಲ ಕಂಪ್ಯೂಟರಿನ ಸ್ಮರಣೆ ತನ್ನ ಮೇಲೆ ಹೊತ್ತುಕೊಂಡ ಭಾರ. ಕುಸಿದ ಮೇಲಿನದೇ ಡಿಸ್ಕಿನ ನಿಜವಾದ ಶಕ್ತಿ. ಆದ್ದರಿಂದ ಈಗ ಮೊದಲು ಲ್ಯಾಪ್‌ಟಾಪಿನ ಒಳಗಿನ, ತಿರುಗುವ ತಟ್ಟೆಯಿಲ್ಲದ ಎಸ್‌ಎಸ್‌ಡಿಗೆ ಇಳಿಸಿಕೊಂಡು, ಕಾರ್ಡನ್ನು ಬಿಡಿಸಿದ ನಂತರ ಅಲ್ಲಿಂದ ಹಾರ್ಡ್ ಡಿಸ್ಕಿಗೆ ಎರಡನೆಯ ನಕಲನ್ನು ಹಚ್ಚಿ ಸ್ನಾನಕ್ಕೆ ಹೋಗುತ್ತೇನೆ. ಎರಡು ಕಾರ್ಡುಗಳನ್ನು ಒಟ್ಟಿಗೇ ಒಂದು ಹಾರ್ಡ್ ಡಿಸ್ಕಿಗೆ ಇಳಿಸುವ ಆತುರವನ್ನೂ ಬಿಟ್ಟಿದ್ದೇನೆ, ಏಕೆಂದರೆ ಅದರ ಬರೆಯುವ ತಲೆ ಎರಡು ಕಡೆಗೂ ಓಡಾಡಿ, ಒಂದಾದ ಮೇಲೊಂದು ಇಳಿಸುವುದಕ್ಕಿಂತ ಹೆಚ್ಚು ಸಮಯ ತೆಗೆದುಕೊಳ್ಳುತ್ತದೆ.

ಕ್ಯಾಮೆರಾವನ್ನೇ ಕೇಬಲಿನಿಂದ ಜೋಡಿಸಿ ಇಳಿಸುವುದು ನನಗೆ ಒಗ್ಗಿಲ್ಲ. ರಾತ್ರಿಯಿಡೀ ದುಡಿದ ಬ್ಯಾಟರಿ ಅರ್ಧಕ್ಕೇ ಕೈಕೊಡುತ್ತದೆ, ಹಳೆಯ ಹಲವು ಕ್ಯಾಮೆರಾಗಳ ಪೋರ್ಟ್ ಯುಎಸ್‌ಬಿ 2.0.

ತಂತ್ರಾಂಶದಿಂದಾಗುವ ವಿಳಂಬ ಬೇರೆ ಬಗೆಯದು. ಚಿತ್ರಗಳನ್ನು ಜೋಡಿಸಿ ತಿದ್ದುವ ತಂತ್ರಾಂಶವಾದ ಲೈಟ್‌ರೂಮ್ ಕ್ಲಾಸಿಕ್‌ನ ಮೂಲಕವೇ ಇಳಿಸುತ್ತಿದ್ದ ಕಾಲದಲ್ಲಿ, ಪ್ರತಿ ಚಿತ್ರಕ್ಕೂ ಪೂರ್ಣ ಗಾತ್ರದ ಪ್ರಿವ್ಯೂ ತಯಾರಿಸುವ ಆಯ್ಕೆಯನ್ನು ಯಾವಾಗಲೋ ಒತ್ತಿ ಮರೆತಿದ್ದೆ; ನಕಲು ಮುಗಿದ ಮೇಲೂ ಫ್ಯಾನ್ ಗಂಟೆಗಟ್ಟಲೆ ಕಿರುಚುತ್ತಿತ್ತು. ರಾ ಫೈಲಿನ ಒಳಗೆ ಕ್ಯಾಮೆರಾ ಆಗಲೇ ಇಟ್ಟಿರುವ ಜೆಪೆಗ್ ಚಿತ್ರವನ್ನೇ ತೋರಿಸುವ ಎಂಬೆಡೆಡ್ ಅಂಡ್ ಸೈಡ್‌ಕಾರ್ ಎಂಬ ಆಯ್ಕೆಯೇ ಒಳ್ಳೆಯ ಚಿತ್ರಗಳನ್ನು ಆರಿಸಿಕೊಳ್ಳುವುದಕ್ಕೆ ಸಾಕು. ಈಗ ಫೈಲುಗಳನ್ನು ಮೊದಲು ಫೋಲ್ಡರಿಗೆ ಇಳಿಸಿಕೊಂಡು, ಲೈಟ್‌ರೂಮ್‌ಗೆ ಅವು ಇದ್ದಲ್ಲಿಯೇ ಸೇರಿಸಿಕೊಳ್ಳುವಂತೆ ಹೇಳುತ್ತೇನೆ. ಇಳಿಯುತ್ತಿರುವಾಗಲೇ ಕಾರ್ಡಿನ ಫೋಲ್ಡರನ್ನು ದೊಡ್ಡ ಚಿತ್ರಗಳ ನೋಟದಲ್ಲಿ ತೆರೆದು ಕಣ್ಣಾಡಿಸುವ ಚಪಲವನ್ನು ತಡೆದುಕೊಳ್ಳಬೇಕು, ಏಕೆಂದರೆ ಆ ಚಿಕ್ಕ ಚಿತ್ರಗಳಿಗಾಗಿ ಕಂಪ್ಯೂಟರು ಅದೇ ಕಾರ್ಡನ್ನು ಮತ್ತೆ ಮತ್ತೆ ಓದುತ್ತದೆ. ಆಂಟಿವೈರಸ್ ಪ್ರತಿ ಫೈಲನ್ನು ಮೂಸಿ ನೋಡುವುದೂ ನಿಜವೇ. ಆದರೆ ಅದನ್ನು ನಿಲ್ಲಿಸುವ ಸಲಹೆ ನಾನು ಕೊಡಲಾರೆ. ಊರೂರಿನ ಕಂಪ್ಯೂಟರುಗಳಿಗೆ ಹೋಗಿಬಂದ ಕಾರ್ಡುಗಳು ಏನೇನನ್ನು ಹೊತ್ತು ತರುತ್ತವೆ ಎಂಬುದನ್ನು ಬಲ್ಲೆ.

ಎಲ್ಲಕ್ಕಿಂತ ಹೆಚ್ಚು ಸಮಯ ಉಳಿಸಿಕೊಟ್ಟದ್ದು ಕ್ಯಾಮೆರಾದಲ್ಲಿಯೇ ಇದ್ದ ಒಂದು ಗುಂಡಿ. ಬೀಗದ ಕೈಯ ಚಿತ್ರವಿರುವ ಆ ಗುಂಡಿಯನ್ನು ಒತ್ತಿದರೆ ತೆರೆಯ ಮೇಲಿರುವ ಚಿತ್ರ ಅಳಿಸಿಹೋಗದಂತೆ ರಕ್ಷಿತವಾಗುತ್ತದೆ. ಕಂಪ್ಯೂಟರಿನಲ್ಲಿ ಅದೇ ಫೈಲು, ಓದಲು ಮಾತ್ರ ಎಂಬ ಗುರುತಿನೊಂದಿಗೆ ಕಾಣಿಸಿಕೊಳ್ಳುತ್ತದೆ. ಆಟದಲ್ಲಿ ಪಾತ್ರಗಳು ಕುಳಿತು ನಡೆಸುವ ಸಂವಾದ ಲಂಬಿಸಿದಾಗ ಹಿಂದಿನ ಸನ್ನಿವೇಶದ ಚಿತ್ರಗಳನ್ನು ತಿರುವಿ, ಕೊಡಲು ಯೋಗ್ಯವಾದವಕ್ಕೆ ಅಲ್ಲಿಯೇ ಬೀಗ ಹಾಕುತ್ತೇನೆ. ಕ್ಯಾಮೆರಾದಲ್ಲಿ ಎರಡು ಸೀಳುಗಳಿರುವುದರಿಂದ ರಾ ಒಂದಕ್ಕೆ, ಜೆಪೆಗ್ ಇನ್ನೊಂದಕ್ಕೆ ಹೋಗುವಂತೆಯೂ ಹೊಂದಿಸಿದ್ದೇನೆ. ಮನೆಗೆ ಬಂದು ಜೆಪೆಗ್ ಕಾರ್ಡನ್ನು ತೂರಿಸಿ, ಫೋಲ್ಡರನ್ನು ವಿವರಗಳ ಪಟ್ಟಿಯಾಗಿ ತೆರೆದು, ಗುಣಲಕ್ಷಣದ ಕಾಲಂ ಮೇಲೆ ಒತ್ತಿದರೆ ಬೀಗ ಹಾಕಿದ ನಲವತ್ತು ಐವತ್ತು ಚಿತ್ರಗಳು ಒಂದೆಡೆ ಬಂದು ನಿಲ್ಲುತ್ತವೆ. ಅವುಗಳ ಒಟ್ಟು ಭಾರ ಆರುನೂರು ಎಂಬಿ; ಇಳಿಯಲು ಏಳೆಂಟು ಸೆಕೆಂಡು. ಕಲಾವಿದರು ಮುಂದಿನ ಊರು ಸೇರಿ ನಿದ್ದೆ ಹೋಗುವ ಮೊದಲೇ ಚಿತ್ರಗಳು ಅವರ ಮೊಬೈಲಿನಲ್ಲಿರುತ್ತವೆ. ಒಂದು ಎಚ್ಚರಿಕೆ: ಕಾರ್ಡನ್ನು ಫಾರ್ಮ್ಯಾಟ್ ಮಾಡಿದರೆ ಬೀಗ ಹಾಕಿದ ಚಿತ್ರಗಳೂ ಹೋಗುತ್ತವೆ.

ಆ ಮಾತು ಬಂದದ್ದರಿಂದ ಹೇಳುತ್ತೇನೆ: ಕಟ್ ಮಾಡಿ ಪೇಸ್ಟ್ ಮಾಡುವ ಕ್ರಮವನ್ನು ನಾನು ಪೂರ್ತಿ ಬಿಟ್ಟಿದ್ದೇನೆ. ಒಮ್ಮೆ ನಡುವೆಯೇ ರೀಡರಿಗೆ ಕೈ ತಗುಲಿ ಸಂಪರ್ಕ ಕಡಿದು, ಇಪ್ಪತ್ತು ಚಿತ್ರಗಳು ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂಬಂತಾಗಿತ್ತು. ಈಗ ನಕಲು ಮಾತ್ರ. ಅದೂ ಟೆರಾಕಾಪಿ ಎಂಬ ನಕಲು ತಂತ್ರಾಂಶದಲ್ಲಿ, ಇಳಿದ ಫೈಲುಗಳನ್ನು ಮತ್ತೊಮ್ಮೆ ಓದಿ ಮೂಲದೊಂದಿಗೆ ತಾಳೆ ನೋಡುವ ಆಯ್ಕೆಯನ್ನು ಒತ್ತಿಯೇ. ಇದಕ್ಕೆ ಎಸ್‌ಎಸ್‌ಡಿಯಲ್ಲಿ ಇನ್ನೆರಡು ಮೂರು ನಿಮಿಷ ಹೆಚ್ಚು ಹಿಡಿಯುತ್ತದೆ, ಹಿಡಿಯಲಿ. ಎಲ್ಲ ಸಾಲುಗಳ ಎದುರಿಗೂ ಹಸಿರು ಗುರುತು ಬಿದ್ದು, ಹಾರ್ಡ್ ಡಿಸ್ಕಿನ ಎರಡನೆಯ ಪ್ರತಿಯೂ ಮುಗಿದ ಮೇಲೆ, ಸಂಜೆ ಕಚೇರಿಯಿಂದ ಬಂದು ಕಾರ್ಡುಗಳನ್ನು ಕ್ಯಾಮೆರಾಕ್ಕೆ ಹಾಕಿ ಅಲ್ಲಿಯೇ ಫಾರ್ಮ್ಯಾಟ್ ಮಾಡುತ್ತೇನೆ. ಅಷ್ಟು ಹೊತ್ತಿಗೆ ಯಾವುದಾದರೊಂದು ಗದ್ದೆಯ ಕಡೆಯಿಂದ ಚೆಂಡೆ ಕೇಳತೊಡಗಿರುತ್ತದೆ.